ಆಫೀಸಿಗೆ ಒಯ್ಯುವ ಸಿಹಿ

ನಿನಗೆ ಎಲ್ಲಿ ಕೆಲಸ ಸಿಗುತ್ತೋ ಆ ಊರಿಗೆ ನಾನೇ ಲಗೇಜು ಹೊತ್ಕೊಂಡು ಬರ್ತೀನಿ ಕಾತ್ಯಾ, ಅಂದಿದ್ದ ಮಧುಕರ್, ಹನ್ನೆರಡು ವರ್ಷದ ಹಿಂದೆ, ಮಂಡ್ಯದ ಕೃಷಿ ಕಾಲೇಜಿನ ಕ್ಯಾಂಟೀನಿನಲ್ಲಿ, ಎರಡನೇ ಬೋಂಡ ಚಟ್ನಿಯಲ್ಲಿ ಅದ್ದುತ್ತ — ಈಗ ಮುಂದೆ ಮತ್ತೆ ಅದೇ ಲಾರಿ, ನೀಲಿ ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತ ಮುಂದೆ ಮುಂದೆ ತೆವಳುತ್ತಿದೆ, ಹಿಂದಿಕ್ಕೋಣವೆಂದರೆ ಸುರಂಗದ ಮೇಲೆ ಸುರಂಗ, ಕಾತ್ಯಾಯಿನಿ ಬ್ರೇಕಿನ ಮೇಲೆ ಕಾಲಿಟ್ಟಳು, ಹಿಂದೆ ಕ್ಯಾಂಪಿಂಗ್ ಕಾರಿನ ಅಡುಗೆ ಕಪಾಟಿನಲ್ಲಿ ಪಾತ್ರೆಗಳು ಒಂದಕ್ಕೊಂದು ಢಿಕ್ಕಿ ಹೊಡೆದವು, ನಿಧಾನ ಕಾತ್ಯಾ, ಶಾಟ್ ಅಲ್ಲಾಡುತ್ತೆ, ಅಂದ ಪಕ್ಕದ ಸೀಟಿನಲ್ಲಿ ಕ್ಯಾಮೆರಾ ಹಿಡಿದು ಕೂತ ಮಹಾನುಭಾವ, ಅದೇ ಮಧುಕರ್, ಈಗ ಗಂಡ. ಶಾಟ್ ಅಲ್ಲಾಡುತ್ತಂತೆ. ಕೋಬೆಯಲ್ಲಿ ಬಾಡಿಗೆಗೆ ಹಿಡಿದಾಗಿನಿಂದ ಮೂರು ದಿನ ಈ ಡಬ್ಬವನ್ನು ಬೆಟ್ಟ ಹತ್ತಿಸಿ ಇಳಿಸಿ ಅವಳ ಭುಜ ಕಟ್ಟಿಗೆಯಾಗಿದೆ, ಅವನಿಗೆ ಶಾಟ್. ನಮಸ್ಕಾರ ಸ್ನೇಹಿತರೇ, ಈಗ ನಾವು ಗಾಡಿ ಓಡಿಸ್ತಾ ಜಪಾನಿನ ಏಕೈಕ ಮರುಭೂಮಿಗೆ ಹೋಗ್ತಾ ಇದೀವಿ — ನಾವು, ಎಂಥಾ ನಾವು, ಇವನ ಯೂಟ್ಯೂಬ್ ಚಾನೆಲ್ ನೋಡುವವರು ಮುನ್ನೂರ ನಲವತ್ತು ಜನ, ಅದರಲ್ಲಿ ಅರ್ಧ ಅವನ ಅಕ್ಕನ ಕಡೆಯವರು, ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ ಸ್ಟಿಯರಿಂಗ್ ಹಿಡಿದ ಕೈ ಯಾರದೆಂದು, ಕ್ಯಾಮೆರಾ ಅಷ್ಟು ಚೆನ್ನಾಗಿ ಅವಳನ್ನು ಕತ್ತರಿಸುತ್ತದೆ. ಮರುಭೂಮಿಯೂ ಅಲ್ಲ ಅದು, ಸಮುದ್ರದ ದಂಡೆಯ ಮರಳುದಿಬ್ಬ, ವರ್ಷವಿಡೀ ಮಳೆ, ಚಳಿಗಾಲಕ್ಕೆ ಹಿಮ ಬೀಳುವ ಜಾಗ, ಮಣ್ಣು ಓದಿದವಳು ಪಕ್ಕದಲ್ಲೇ ಕೂತಿದ್ದಾಳೆ, ಕೇಳಬಹುದಿತ್ತು. ಗಡಿಯಾರದಲ್ಲಿ ಹನ್ನೊಂದೂ ಕಾಲು. ಐದು ಗಂಟೆಯೊಳಗೆ ಕೆಲಸ ಕೊಡುವ ನಕಾನೋ ಸಾನ್‌ಗೆ ಉತ್ತರ ಹೋಗಬೇಕು, ಬರುತ್ತೇನೆ ಅಥವಾ ಇಲ್ಲ, ಆ ಮರಳಿನ ಬದಿಯ ಒಣಭೂಮಿ ಸಂಶೋಧನಾ ಕೇಂದ್ರದಲ್ಲಿ ಐದು ವರ್ಷದ ಕೆಲಸ, ಅವಳ ಹೆಸರಿಗೆ, ಅವಳದೇ ಮೇಜು.

ಆ ಬೋಂಡದ ದಿನ ಅವಳು ರಾಜೀನಾಮೆ ಪತ್ರ ಕೊಟ್ಟು ಬಂದಿದ್ದಳು, ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆ, ಪ್ರಿನ್ಸಿಪಾಲರು ಕನ್ನಡಕ ತೆಗೆದು ಯೋಚನೆ ಮಾಡಿದೀರೇನಮ್ಮ ಅಂದಿದ್ದರು, ಯೋಚನೆ ಮಾಡಿದವನು ಕ್ಯಾಂಟೀನಿನಲ್ಲಿ ಕೂತಿದ್ದ, ಕಂಪನಿ ಟೋಕಿಯೋಗೆ ಕಳಿಸ್ತಿದೆ, ಮೂರೇ ವರ್ಷ, ಆಮೇಲೆ ನಿನ್ನ ಸರದಿ. ಆಮೇಲೆ ಟೋಕಿಯೋ ಪಕ್ಕದ ಇಚಿಕಾವಾದ ಎರಡು ಕೋಣೆಯ ಮನೆ, ನಿಧಿ ಹುಟ್ಟಿದಳು, ಆಮೇಲೆ ಅವನ ಪ್ರಮೋಷನ್ನು, ಆಮೇಲೆ ಅವಳು ಚಿಬಾದ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅರ್ಧ ದಿನದ ಕೆಲಸಗಾರ್ತಿ, ಡಾಕ್ಟರೇಟ್ ಮಾಡಿದ ಕೈಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗರು ಬಳಸಿದ ಬೀಕರು ತೊಳೆಯುತ್ತ, ಒತ್ಸುಕಾರೆಸಾಮಾ, ದಣಿದಿರಿ, ಬರ್ತೀನಿ, ಅನ್ನುತ್ತ ಎರಡೂವರೆಗೆ ಓಡುತ್ತ, ಮಗುವನ್ನು ಕರಕೊಂಡು ಬರಲು. ಆಮೇಲೆ ಅನ್ನುವ ಪದದಲ್ಲಿ ಒಂದು ಸಂಸಾರವನ್ನೇ ನಡೆಸಿಬಿಡಬಹುದು. ಈ ಹೊಸ ಕೆಲಸದ ಊರಿನ ಮಾತು ನಿಧಿಗೆ ಹೇಳಿದಾಗ, ಒಂಬತ್ತು ವರ್ಷದವಳು, ಅಲ್ಲಿ ಪೂಲ್ ಇದೆಯಾ ಅಂದಳು, ಇದೆ ಅಂದದ್ದಕ್ಕೆ ಜಾ, ಈ ಯೋ, ಸರಿ ಹಾಗಾದ್ರೆ, ಅಂದಳು, ಅಷ್ಟೇ, ಎರಡು ನಿಮಿಷ. ನಲವತ್ತನಾಲ್ಕು ವರ್ಷದವನಿಗೆ ಯೋಚಿಸಲು ಸಮಯ ಬೇಕು. ಊರು ನೋಡದೆ ಹೆಂಗೆ ಒಪ್ಕೊಳ್ಳೋದು ಕಾತ್ಯಾ, ಒಂದ್ಸಲ ನೋಡ್ಕೊಂಡು ಬರೋಣ, ಕ್ಯಾಂಪಿಂಗ್ ಕಾರಲ್ಲಿ, ವಾರದ ದಿನ ಬಾಡಿಗೆ ಕಡಿಮೆ, ನಿಧೀನ ನಿನ್ನ ಫ್ರೆಂಡ್ ಜ್ಯೋತ್ಸ್ನಾ ಮನೇಲಿ ಬಿಡೋಣ — ಅದಕ್ಕಾಗಿ ಅವಳು ನಕಾನೋ ಸಾನ್ ಬಳಿ ಒಂದು ವಾರ ಹೆಚ್ಚು ಕೇಳಿದಳು, ಫೋನಿನಲ್ಲಿ ಆ ಮನುಷ್ಯ ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡದ್ದು ಕೇಳಿಸಿತು, ಇಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ, ಅವಳು ಗೋಡೆಗೆ ತಲೆ ಬಾಗಿಸಿ ಸುಮಿಮಾಸೆನ್ ಸುಮಿಮಾಸೆನ್ ಅಂತ ಕ್ಷಮೆ ಕೇಳಿದಳು, ಇವನಿಗಾಗಿ.

ಲಾರಿ ಕೊನೆಗೂ ಎಡಕ್ಕೆ ತಿರುಗಿ ತೊಲಗಿತು. ಇವನಿಗೆ ಇಲ್ಲಿನ ಲೈಸೆನ್ಸೇ ಸಿಗಲಿಲ್ಲ, ಆರು ಸಲ ಪರೀಕ್ಷೆ, ಆರು ಸಲವೂ ಡುಮ್ಕಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಪರೀಕ್ಷಕರಿಗೆ ಇಂಡಿಯನ್ಸ್ ಕಂಡ್ರೆ ಆಗಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದ, ಅದೇ ಪರೀಕ್ಷಕ ಅವಳನ್ನು ಮೂರನೇ ಸಲಕ್ಕೆ ಪಾಸು ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ. ಆದರೂ — ಎರಡನೇ ಸಲ ಅವಳು ಫೇಲಾದ ದಿನ, ಫೆಬ್ರವರಿ, ಗೇಟಿನ ಹೊರಗೆ ನಿಂತಿದ್ದ, ಬಿಸಿ ಕಾಫಿಯ ಡಬ್ಬಿಯನ್ನು ಆರದಿರಲೆಂದು ಸ್ವೆಟರಿನೊಳಗೆ ಇಟ್ಟುಕೊಂಡು, ಒಂದೂವರೆ ಗಂಟೆ, ಹೊಟ್ಟೆಯ ಮೇಲೆ ಕೆಂಪಗೆ ಗುಂಡು ಗುರುತು ಬಿದ್ದಿತ್ತು. ಅದನ್ನು ನೆನೆಯಬಾರದು. ಅದನ್ನು ನೆನೆದು ನೆನೆದೇ ಹನ್ನೆರಡು ವರ್ಷವಾದದ್ದು.

ನಿನ್ನೆ ಮಲಗಿದ್ದು ಹೆದ್ದಾರಿ ಬದಿಯ ತಂಗುದಾಣದ ಪಾರ್ಕಿಂಗಿನಲ್ಲಿ, ಊರಿನವರು ತರಕಾರಿ ಮಾರುವ ಅಂಗಡಿ, ಶೌಚಾಲಯ, ಅಷ್ಟೇ, ಗಾಡಿಯೊಳಗೆ ಮಲಗಿ ಆದರೆ ಮೇಜು ಕುರ್ಚಿ ಹೊರಗೆ ಹಾಕಬೇಡಿ ಎಂದು ಚಿತ್ರ ಸಮೇತ ಬೋರ್ಡು. ಬೆಳಿಗ್ಗೆ ಅವಳು ಮುಖ ತೊಳೆದು ಬರುವಷ್ಟರಲ್ಲಿ ಈ ಪುಣ್ಯಾತ್ಮ ಆ ಬೋರ್ಡಿನ ಕೆಳಗೇ ಎರಡು ಕುರ್ಚಿ ಹಾಕಿ, ಗ್ಯಾಸ್ ಒಲೆ ಹಚ್ಚಿ, ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ್ದಾನೆ, ಮೆಣಸಿನಕಾಯಿ ಘಾಟಿಗೆ ಪಕ್ಕದ ಗಾಡಿಯ ಮುದುಕ ಮುದುಕಿ ಕೆಮ್ಮುತ್ತ ಕಿಟಕಿ ಹಾಕಿಕೊಂಡರು, ಮುದುಕ ಇಳಿದು ಬಂದು ಬಾಗಿ, ಪರಿಮಳ ಬಹಳ ಚೆನ್ನಾಗಿದೆಯಲ್ಲವೇ, ಅಂದ. ಇವನು ಕ್ಯಾಮೆರಾ ಅವನ ಮುಖಕ್ಕೆ ಹಿಡಿದು, ನೋಡಿ ಸ್ನೇಹಿತರೇ, ನಮ್ಮ ಒಗ್ಗರಣೆಗೆ ಜಪಾನಿನ ಅಜ್ಜನೇ ಫ್ಯಾನ್ — ಅವಳಿಗೆ ಆ ಉಪ್ಪಿಟ್ಟಿನ ಬಾಣಲೆಯಲ್ಲೇ ಮುಖ ಮುಚ್ಚಿಕೊಳ್ಳಬೇಕೆನಿಸಿತು. ಹೊಗಳಿಕೆಯಲ್ಲ ಕಣೋ ಅದು, ಎತ್ತಿಡು ಅನ್ನುವ ಮಾತು, ಹನ್ನೆರಡು ವರ್ಷ ಈ ದೇಶದ ಅನ್ನ ತಿಂದಿದ್ದೀಯ. ಕುರ್ಚಿ ಮಡಚಿದವಳು ಅವಳು, ಬಾಗಿದವಳು ಅವಳು, ಗಾಡಿಯ ಕಕ್ಕಸಿನ ಡಬ್ಬಿ ಹೊತ್ತು ಹೋಗಿ ಸುರಿದು ತೊಳೆದವಳೂ ಅವಳೇ, ಅದರ ಶಾಟ್ ಯಾರೂ ತೆಗೆಯುವುದಿಲ್ಲ.

ದಾರಿಯುದ್ದಕ್ಕೂ ಊರೂರಿಗೆ ಒಂದೊಂದು ಹೆಸರಿಟ್ಟ. ಇದೇನ್ ಕಾತ್ಯಾ, ಇಲ್ಲಿ ಜನಕ್ಕಿಂತ ಬೆರ್ಚಪ್ಪಗಳೇ ಜಾಸ್ತಿ. ಇಲ್ಲಿ ಕೊತ್ತಂಬರಿ ಸೊಪ್ಪು ಸಿಗುತ್ತಾ. ಇಲ್ಲಿ ಇಪ್ಪತ್ನಾಲ್ಕು ಗಂಟೆ ಅಂಗಡೀನೂ ರಾತ್ರಿ ಬಾಗಿಲು ಹಾಕುತ್ತಲ್ಲ. ನಿಧಿ ಇಂಗ್ಲಿಷ್ ಏನಾಗ್ಬೇಕು. ಒಂದೊಂದು ಮಾತೂ ತಮಾಷೆಯ ಹಾಗೆ, ಒಂದೊಂದು ಮಾತೂ ಕಲ್ಲಿನ ಹಾಗೆ, ಅವಳೇ ಸೋತು ಬೇಡ ಬಿಡು ಅನ್ನಲಿ ಎಂದು ಕಾಯುತ್ತಿದ್ದಾನೆ, ಬೇಡ ಅನ್ನುವ ಧೈರ್ಯವೂ ಅವನಿಗೆ ಅವಳ ಬಾಯಿಂದಲೇ ಬರಬೇಕು. ಮರಳಿನ ಹತ್ತಿರ ಬಂದಾಗ ಒಂದು ಗಂಟೆ. ದಿಬ್ಬ, ಅದರಾಚೆ ಸಮುದ್ರ, ಬಿಸಿಲಿಗೆ ಮರಳು ಬೂಟಿನೊಳಗೂ ಸುಡುತ್ತದೆ, ಸವಾರಿಯ ಒಂಟೆಗಳು ಸಾಲಾಗಿ ಕೂತು ಮೆಲುಕು ಹಾಕುತ್ತಿವೆ, ಅವನು ಆಗಲೇ ಒಂದರ ಮುಂದೆ ನಿಂತು ಸ್ನೇಹಿತರೇ ಶುರುಮಾಡಿದ. ಅವಳು ಬಗ್ಗಿ ಒಂದು ಹಿಡಿ ತೆಗೆದುಕೊಂಡಳು, ಬೆರಳ ಸಂದಿಯಿಂದ ಬಿಟ್ಟಳು, ಮೇಲಿನದು ಒಣ, ನಾಲ್ಕು ಬೆರಳು ಕೆಳಗೆ ತಣ್ಣಗೆ, ಒದ್ದೆ, ಹುಲ್ಲಿನ ಬೇರು. ಟೋಪಿ ಹಾಕಿದ ನಾಲ್ಕಾರು ಮಂದಿ ಕುಕ್ಕರಗಾಲಲ್ಲಿ ಕೂತು ಕೈಯಲ್ಲಿ ಕಳೆ ಕೀಳುತ್ತಿದ್ದರು, ಬಿಟ್ಟರೆ ಇಡೀ ಮರಳು ಹಸಿರಾಗಿಬಿಡುತ್ತದೆ, ಬಂದವರಿಗೆ ಮರುಭೂಮಿ ಕಾಣಬೇಕಲ್ಲ. ಜುಲೈನಲ್ಲಿ ಸಂದರ್ಶನಕ್ಕೆ ಒಬ್ಬಳೇ ರಾತ್ರಿ ಬಸ್ಸಿನಲ್ಲಿ ಬಂದಾಗ ನಕಾನೋ ಸಾನ್ ಇದನ್ನೇ ತೋರಿಸಿ, ಇವರು ಕೀಳುತ್ತಾರೆ, ನಾವು ಬೆಳೆಸುವುದು ಹೇಗೆಂದು ನೋಡುತ್ತೇವೆ, ಅಂದು ನಕ್ಕಿದ್ದರು, ಅವಳೂ ನಕ್ಕಿದ್ದಳು, ಎಷ್ಟು ವರ್ಷವಾಗಿತ್ತು ಕೆಲಸದ ಮಾತಿಗೆ ನಕ್ಕು. ಕೇಂದ್ರ ಆ ಪೈನ್ ಮರಗಳ ಹಿಂದೆ, ಹತ್ತು ನಿಮಿಷದ ದಾರಿ, ಹೋಗಿ ನೋಡೋಣ ಅಂದಳು. ಆಮೇಲೆ ಅಂದ. ಮೊದಲು ಆಫೀಸಿಗೆ ಸಿಹಿ ತಗೊಂಡ್ಬಿಡೋಣ, ಮರೆತ್ರೆ ಕಷ್ಟ.

ಅದೊಂದನ್ನು ಮರೆಯುವವನಲ್ಲ. ರಜೆ ಹಾಕಿ ಊರು ಸುತ್ತಿ ಬಂದವರು ಆಫೀಸಿನವರಿಗೆಲ್ಲ ಆ ಊರಿನ ಸಿಹಿ ತರಬೇಕು, ಒಂದೊಂದೂ ಬೇರೆ ಬೇರೆ ಕಾಗದದಲ್ಲಿ ಸುತ್ತಿದ್ದು, ತಲೆಗೊಂದರಂತೆ, ಒಂದು ಕಡಿಮೆ ಬಿದ್ದರೂ ಮಾನ ಹೋದ ಹಾಗೆ — ಈ ದೇಶದಲ್ಲಿ ಅವನು ಸರಿಯಾಗಿ ಕಲಿತ ವಿದ್ಯೆ ಇದೊಂದೇ. ನಿಕ್ಕೋದಿಂದ ಹನ್ನೆರಡು, ಹಕೋನೆಯಿಂದ ಹನ್ನೆರಡು, ಬೆರಳು ಮಡಚಿ ಮಡಚಿ ಹೆಸರು ಹೇಳಿಕೊಳ್ಳುತ್ತಾನೆ, ತಂಡದಲ್ಲಿ ಹನ್ನೊಂದು ಜನ, ಮೇಲೊಬ್ಬ ಬಾಸು, ಹೆಂಡತಿಯ ಹುಟ್ಟುಹಬ್ಬ ಮರೆತಾನು, ಇದು ತಪ್ಪುವುದಿಲ್ಲ. ಅಂಗಡಿಯಲ್ಲಿ ಪೇರ್ ಹಣ್ಣಿನ ಸಿಹಿ, ಹನ್ನೆರಡರ ಡಬ್ಬಿ, ಅವನು ಬೆರಳು ಮಡಚುತ್ತಿದ್ದ, ಒಂದು ಕೈ ಮುಗಿಯಿತು, ಇನ್ನೊಂದು ಕೈ, ಮತ್ತೆ ಮೊದಲ ಕೈ, ತುಟಿ ಅಲ್ಲಾಡುತ್ತಲೇ ಇದೆ, ಮೂರು ಡಬ್ಬಿ ತೆಗೆದು ಕೌಂಟರಿನ ಮೇಲಿಟ್ಟ. ಮೂರು. ಅಂಗಡಿಯ ಹುಡುಗಿ ಮೂರು ಬಿಳಿ ಚೀಲ ಬಿಡಿಸಿ ಒಂದೊಂದನ್ನೂ ಒಂದೊಂದರಲ್ಲಿ ಇಳಿಸಿದಳು, ಹಿಡಿಕೆ ನೇರ ಮಾಡಿದಳು. ಹನ್ನೆರಡು ಮೂರಲ ಮೂವತ್ತಾರು. ನಿಮ್ ಟೀಮಲ್ಲಿ ಹನ್ನೊಂದು ಜನ ಅಲ್ವಾ, ಅಂದಳು. ಅವನು ಚೀಲಗಳನ್ನೇ ನೋಡುತ್ತ, ಈಗ ಜಾಸ್ತಿ ಆಗಿದಾರೆ, ಅಂದ.

ಯಾರ ಟೀಮು.

ನಂದೇ. ಹೊಸ ಪ್ರಾಜೆಕ್ಟು. ಅಕ್ಟೋಬರಿಂದ.

ಎಲ್ಲಿ.

ಎಲ್ಲಿ ಅಂದ್ರೆ, ಟೋಕಿಯೋನೇ. ಮೂರು ವರ್ಷ. ನಿನ್ನ ಇಂಟರ್‌ವ್ಯೂ ಟೈಮಲ್ಲೇ ಕೇಳಿದ್ರು, ಇಲ್ಲ ಅನ್ನಕ್ಕಾಗಲ್ಲ ಕಾತ್ಯಾ, ನಿಂಗೊತ್ತಲ್ಲ ಇಲ್ಲಿನ ಆಫೀಸು. ಹೇಳ್ಬೇಕು ಅಂತಾನೇ ಇದ್ದೆ, ನೀನು ಊರು ನೋಡಿ ಬೇಜಾರಾಗಿ ಬೇಡ ಅಂದ್ರೆ ಸುಮ್ನೆ ಯಾಕೆ ಹೇಳೋದು ಅಂತ.

ಜುಲೈ, ಆಗಸ್ಟ್, ಈ ಸೆಪ್ಟೆಂಬರು. ಅವಳು ರಾತ್ರಿ ಬಸ್ಸಿನಲ್ಲಿ ಕುತ್ತಿಗೆ ಹಿಡಿಸಿಕೊಂಡು ವಾಪಸು ಬಂದ ಬೆಳಿಗ್ಗೆ ಚಹಾ ಮಾಡಿ ಕೊಟ್ಟಿದ್ದ, ಹೆಂಗಾಯ್ತು ಅಂತ ಕೇಳಿದ್ದ, ಆಗಲೇ ಅವನು ಟೋಕಿಯೋದ ಪ್ರಾಜೆಕ್ಟು ಒಪ್ಪಿಕೊಂಡಾಗಿತ್ತು. ಉಸಿರೆಳೆದ ನಕಾನೋ ಸಾನ್, ಗೋಡೆಗೆ ಬಾಗಿದ ಅವಳು, ಆಗ ಒಪ್ಪಿಕೊಂಡಾಗಿತ್ತು. ಈ ಮೂರು ದಿನ, ಈ ಸುರಂಗ, ಈ ಕಕ್ಕಸಿನ ಡಬ್ಬಿ. ಮೂವತ್ತಾರು ಜನರ ಹೆಸರು ಬಾಯಿಪಾಠ ಮಾಡಿದ್ದಾನೆ, ಅವಳಿಗೆ ಒಂದು ಮಾತು ಹೇಳಲು ಸಮಯ ಸಿಗಲಿಲ್ಲ. ಅಂಗಡಿಯ ಹುಡುಗಿಗೆ ಅವನು ಅರಿಗಾತೋ ಅಂದು ಬಾಗಿದ, ಅಷ್ಟು ಚೆಂದ ಬಾಗುತ್ತಾನೆ, ಹೊರಗೆ ಬಂದು ಗಾಡಿಯ ಪಕ್ಕ ನಿಂತು, ನೀನು ಬೇಕಾದ್ರೆ ಸೇರ್ಕೋ, ಅಂದ, ಇಲ್ಲಿ ಎಷ್ಟು ಜನ ಹಾಗಿಲ್ಲ, ಗಂಡ ಒಂದೂರು ಹೆಂಡ್ತಿ ಒಂದೂರು, ನಿಧಿ ನಿನ್ ಜೊತೆ ಇರ್ಲಿ, ನಾನು ತಿಂಗಳಿಗೊಂದ್ಸಲ ಬರ್ತೀನಿ. ಎಂಥ ಉದಾರಿ. ಬೈಯೋಣವೆಂದರೆ ಬಾಯಿಗೆ ಬಂದ ಬೈಗುಳವೆಲ್ಲ ಅವನಿಗಿಂತ ದೊಡ್ಡವು.

ಅವಳು ಡ್ರೈವರ್ ಸೀಟಿನಲ್ಲಿ ಕೂತು ಫೋನು ತೆಗೆದಳು. ಮೂರೂ ಮುಕ್ಕಾಲು. ತಡವಾದದ್ದಕ್ಕೆ ಕ್ಷಮೆ ಇರಲಿ, ಅಂತ ಬರೆದಳು, ಅಳಿಸಿದಳು, ಕ್ಷಮೆ ಸಾಕು. ಸಂತೋಷದಿಂದ ಒಪ್ಪಿಕೊಂಡಿದ್ದೇನೆ, ಅಕ್ಟೋಬರ್ ಒಂದಕ್ಕೆ ಬರುತ್ತೇನೆ, ಮಗಳೂ ಬರುತ್ತಾಳೆ. ಇಬ್ಬರು. ಕಳಿಸಿದಳು. ಹಿಂದಿನ ಬಾಗಿಲು ತೆರೆದ ಸದ್ದು, ಅವನು ಒಳಗೆ ಬಂದು ಮಡಚುವ ಮೇಜಿನ ಮೇಲೆ ಚೀಲಗಳನ್ನು ಒಂದರ ಪಕ್ಕ ಒಂದು ಇಡುತ್ತಿದ್ದಾನೆ, ಜಾರದಂತೆ ಅವಳ ಶಾಲು ಸುತ್ತುತ್ತಿದ್ದಾನೆ, ನಿಧಾನ ಹೋಗು ಕಾತ್ಯಾ, ಒಡೆದು ಹೋದಾವು. ಕನ್ನಡಿಯಲ್ಲಿ ಮೂರು ಬಿಳಿ ಚೀಲ. ಪೈನ್ ಮರಗಳ ಹಿಂದೆ ಕೇಂದ್ರ, ಹತ್ತು ನಿಮಿಷ, ಮನೆ ಹುಡುಕಬೇಕು, ಸ್ಕೂಲಿಗೆ ಬರೆಯಬೇಕು, ಜ್ಯೋತ್ಸ್ನಾಗೆ ಫೋನು, ನಿಧಿಗೆ ಮೊದಲು, ಪೂಲ್ ಇರುವ — ಮೂರು ಬಿಳಿ ಚೀಲ, ಒಂದೊಂದರಲ್ಲಿ ಹನ್ನೆರಡು, ಮೂವತ್ತೈದು ತಂಡದವರಿಗೆ, ಒಂದು ಬಾಸಿಗೆ, ತಲೆಗೊಂದು, ಲೆಕ್ಕ ಸರಿಯಾಗಿದೆ, ಮನೆಗೆಂದು ಒಂದೂ ಇಲ್ಲ, ಮೂರು ಬಿಳಿ ಚೀಲ, ಹಿಡಿಕೆಗಳು ನೇರ, ಮೂರು ಬಿಳಿ ಚೀಲ.

ಮಧುಕರ್ ಕೊಟ್ಟ ಮಾತಿಗೆ ತಪ್ಪಿದ.