ಬಿಚ್ಚದ ಡಿಸ್ಕ್‌ಗಳ ಮಾರುಕಟ್ಟೆ

ಅಕಿಹಬಾರಾದ ನಮ್ಮ ಅಂಗಡಿಯ ಐದನೇ ಮಹಡಿಯಲ್ಲಿ ನಾನು ಸುಮ್ಮನೆ ನಿಂತರೆ ಸಾಕು, ಸುಮಿದಾ ನದಿಯಲ್ಲಿ ಮೀನು ಆಕಳಿಸಿದ್ದು ಕೇಳಿಸುತ್ತದೆ. ಜಂಬ ಎಂದುಕೊಳ್ಳಬೇಡಿ, ಬೀದಿಯವರನ್ನು ಕೇಳಿ ನೋಡಿ. ಹಾಗಾಗಿ ಹೈ-ರೆಸ್ ಡಿಸ್ಕ್‌ಗಳಿಗೆ ಮುಂದೆ ಮಾರುಕಟ್ಟೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟಿದಾಗಲೆಲ್ಲ ಕಂಪನಿಯವರು ಮೊದಲು ನನ್ನನ್ನು ಕೇಳುತ್ತಾರೆ, ಆಮೇಲೆ ಅಂಕಿಅಂಶದವರನ್ನು. ಈ ಡಿಸ್ಕ್ ನೋಡಲು ಮಾಮೂಲಿ ಸಿಡಿಯ ಹಾಗೆಯೇ. ಆದರೆ ಸಿಡಿ ಹಾಡನ್ನು ಮಾತ್ರ ಹಿಡಿದರೆ ಇದು ಹಾಡುವವನ ಹೊಟ್ಟೆಯಲ್ಲಿ ಬೆಳಗಿನ ಅನ್ನ ಕರಗುವುದನ್ನೂ ಹಿಡಿಯುತ್ತದೆ. ಬೇರೆ ದೇಶಗಳು ಇದರ ಕೈಬಿಟ್ಟು ಬಹಳ ಕಾಲವಾಯಿತು. ಅಲ್ಲಿನವರು ಫೋನಿನಲ್ಲೇ ಸಂಗೀತ ಕೇಳಿಕೊಂಡು ಸುಖವಾಗಿದ್ದಾರೆ. ನಾವು ಟೋಕಿಯೊದವರು ಅಷ್ಟು ಸುಲಭಕ್ಕೆ ಸುಖಪಡುವ ಜನ ಅಲ್ಲ.

ಇಗರಾಶಿ ಸತೊಕೊ ಒಂದು ಸಣ್ಣ ಸಂಗೀತ ಕಂಪನಿಯಲ್ಲಿ ಇಂಥ ಡಿಸ್ಕ್‌ಗಳ ಮಾಲಿಕೆಯನ್ನು ನಡೆಸುತ್ತಿದ್ದಳು. ಕಡಿಮೆ ಮಾತಿನ ಹೆಂಗಸು. ಅವಳ ಇತ್ತೀಚಿನ ಡಿಸ್ಕ್ ಶಾಕುಹಾಚಿ ಕೊಳಲಿನದು. ಅದನ್ನು ಸ್ಟುಡಿಯೋದಲ್ಲಿ ಅಲ್ಲ, ಓಯಾದ ನೆಲದಡಿಯ ಕಲ್ಲುಗಣಿಯಲ್ಲಿ ಮುದ್ರಿಸಿದಳು. ಆ ಗಣಿಯಲ್ಲಿ ಸೋಮವಾರ ಕೆಮ್ಮಿದರೆ ಗುರುವಾರದವರೆಗೂ ಪ್ರತಿಧ್ವನಿ. ಕೊಳಲು ನುಡಿಸುವ ಮುದುಕನನ್ನು ಹೊದಿಕೆ ಸುತ್ತಿ ಒಳಗೆ ಕೂರಿಸಿ, ಮೇಲೆ ಒಂದು ಲಾರಿ ಹೋದರೂ ಎಲ್ಲ ಅಳಿಸಿ ಮೊದಲಿನಿಂದ ಶುರುಮಾಡುತ್ತಿದ್ದಳಂತೆ. ಆ ಚಳಿಗಾಲದಲ್ಲಿ ಅವರಿಬ್ಬರ ಹುಬ್ಬಿನ ಮೇಲೆ ಹಿಮ ಬೆಳೆದು ಕುಡುಗೋಲಿನಿಂದ ಕೊಯ್ಯಬೇಕಾಯಿತು ಎಂದು ಗಿರಾಕಿಗಳಿಗೆ ನಾನೇ ಹೇಳಿದ್ದೇನೆ.

ಅವಳ ಮೇಲಿನವರು ನಿರ್ದೇಶಕ ನುಕಾಗಾ. ಡಿಸ್ಕ್ ಹೊರಬರುವ ಮುಂಚೆ ನಮ್ಮ ಅಂಗಡಿಗೇ ಬಂದು, ನನ್ನೆದುರಿಗೇ ಅವಳಿಗೆ ಹೇಳಿದರು: "ನೋಡಮ್ಮ, ಇದು ಖರ್ಚಾದ್ರೆ ಮಾಲಿಕೆ ಮುಂದುವರಿಯತ್ತೆ. ಇಲ್ಲಾಂದ್ರೆ ಇಲ್ಲಿಗೇ ಬಾಗಿಲು. ಗಣಿ ಗಿಣಿ ಎಲ್ಲಾ ಮರೆತುಬಿಡು."

"ಕೇಳಿದ್ರೆ ತಗೋತಾರೆ," ಎಂದಳು ಇಗರಾಶಿ.

ಅವಳು ಕೈಯಾರೆ ತಂದುಕೊಟ್ಟ ಮಾದರಿ ಡಿಸ್ಕನ್ನು ನಾನು ನಮ್ಮ ಕೇಳುಕೋಣೆಯಲ್ಲಿ ಹಾಕಿದೆ. ಅಲ್ಲಿನ ಸ್ಪೀಕರ್‌ಗಳು ಬಚ್ಚಲುಮನೆಗಿಂತ ದೊಡ್ಡವು. ಕೊಳಲು ಶುರುವಾದ ಕೂಡಲೇ ಗಿರಾಕಿಗಳು ಕೋಟಿನ ಗುಂಡಿ ಹಾಕಿಕೊಂಡರು, ಗಣಿಯ ಚಳಿ ಅಷ್ಟು ಚೆನ್ನಾಗಿ ಬಂದಿತ್ತು. ಡಿಸ್ಕ್‌ಗಳು ಬಿಸಿ ಟೈಯಾಕಿ ಕಜ್ಜಾಯದ ಹಾಗೆ ಕೈಯಿಂದ ಕೈಗೆ ಹೋದವು. ನಮ್ಮಲ್ಲಿ ಖಾಲಿ, ಒಸಾಕಾದಲ್ಲೂ ಖಾಲಿ.

ಗಿರಾಕಿಗಳಲ್ಲಿ ಎಲ್ಲರಿಗಿಂತ ದೊಡ್ಡವರು ಮಿಜೊಗುಚಿ, ನಿವೃತ್ತ ಹಲ್ಲಿನ ಡಾಕ್ಟರು. ಬೀದಿಯ ಕರೆಂಟಿನಲ್ಲಿ ಪಕ್ಕದ ಮನೆಯ ಫ್ರಿಜ್ಜಿನ ಕೊಳೆ ಬೆರೆತಿರುತ್ತದೆ ಎಂದು ತಮ್ಮ ಸ್ಟೀರಿಯೋಗೆಂದೇ ಸ್ವಂತ ವಿದ್ಯುತ್ ಕಂಬ ನೆಡಿಸಿಕೊಂಡವರು. ಇದೊಂದು ನಾನು ಹೆಚ್ಚಿಸಿ ಹೇಳಿದ್ದಲ್ಲ, ಅಂಥ ಕಂಬದವರು ಟೋಕಿಯೊದಲ್ಲಿ ಬೇಕಾದಷ್ಟು ಜನ ಇದ್ದಾರೆ. ಡಾಕ್ಟರು ಯಾವ ಡಿಸ್ಕನ್ನೂ ಮೂರರಂತೆ ಕೊಳ್ಳುತ್ತಾರೆ: ಒಂದು ಕೇಳಲು, ಒಂದು ಕಾಪಾಡಲು, ಇನ್ನೊಂದು ಕಾಪಾಡಿದ್ದಕ್ಕೆ ಏನಾದರೂ ಆದರೆ ಇರಲಿ ಎಂದು. ವಾರ ಕಳೆದು ಬಂದವರು ಕೌಂಟರಿಗೆ ಒರಗಿ ನಿಂತರು.

"ಕುಸಕಾಬೆ, ಏನಪ್ಪಾ ಅದು! ನಮ್ಮ ಕಂಬದ ಕರೆಂಟಲ್ಲಿ ಕೇಳ್ಬೇಕು ಅದನ್ನ. ನಿಮ್ಮಂಗಡೀಲಿ ಕೇಳಿದ್ದು ಬರೀ ಕೊಳಲು. ನಮ್ಮನೇಲಿ ಬಿದಿರಿನ ಒಳಗಿನ ಗಂಟು ಕಾಣ್ತಿತ್ತು."

"ಹೌದಾ ಡಾಕ್ಟ್ರೇ?"

"ಹೌದಾ ಅಂತೀಯಲ್ಲ! ನಿಂಗೆ ಕಂಬ ಇಲ್ಲ, ಎಲ್ಲಿ ಗೊತ್ತಾಗ್ಬೇಕು, ಪಾಪ."

ಹೀಗೆ ಹೊಗಳಿದವರು ಅವರೊಬ್ಬರೇ ಅಲ್ಲ. ನುಕಾಗಾ ಕೂಡ ಹಿಗ್ಗಿದರು. ಮಾಲಿಕೆ ಉಳಿಯಿತು ಎಂದು ನಾವೆಲ್ಲ ತಿಳಿದೆವು.

ಆಗ ಬಂದವರು ಡಾಕ್ಟರ ಹೆಂಡತಿ. ಮಧ್ಯಾಹ್ನದ ಹೊತ್ತು, ಕೈಯಲ್ಲಿ ತರಕಾರಿ ಚೀಲ, ನಡಿಗೆಯಲ್ಲಿ ಚುರುಕು. ಹಿಂದೆ ಬರುವಾಗ ಮೆಟ್ಟಿಲಿಗೊಂದು ಉಸಿರು ಬಿಡುತ್ತಿದ್ದ ಅಮ್ಮ ಈ ಸಲ ಐದು ಮಹಡಿ ಹತ್ತಿಯೇ ಬಂದಿದ್ದರು.

"ಕುಸಕಾಬೆ-ಸಾನ್, ಈ ಡಿಸ್ಕಿಂದು ಎರಡನೇ ಭಾಗ ಬಂದಿದ್ಯಾ?" ಎಂದು ಚೀಲದ ಮೂಲಂಗಿಯ ಸಂದಿಯಿಂದ ಶಾಕುಹಾಚಿ ಡಿಸ್ಕ್ ತೆಗೆದರು.

"ಇನ್ನೂ ಇಲ್ಲ ಅಮ್ಮಾವ್ರೇ. ನೀವೂ ಕೇಳಿದ್ರಾ?"

"ನಮ್ಮನೆಯವರು ಹಲ್ಲಿನ ಡಾಕ್ಟರುಗಳ ಜೊತೆ ಬಿಸಿನೀರಿನ ಬುಗ್ಗೆಗೆ ಹೋಗಿದ್ರು. ಮೂರಿದ್ಯಲ್ಲ ಅಂತ ಒಂದನ್ನ ಬಿಚ್ಚಿ ಅಡುಗೆಮನೆ ಸಿಡಿ-ರೇಡಿಯೋಗೆ ಹಾಕಿದೆ. ಅವರಿಗೆ ಹೇಳ್ಬೇಡಿ, ಪ್ರಾಣ ಬಿಡ್ತಾರೆ. ಆದ್ರೆ ನನ್ನ ಮೊಣಕಾಲು ನೋಡಿ! ಹೊಸದಾಗಿದೆ."

ಕೊಳಲಿಗೂ ಮೊಣಕಾಲಿಗೂ ಏನು ಸಂಬಂಧ ಎಂದು ನನಗೆ ಹೊಳೆಯಲಿಲ್ಲ. ಡಿಸ್ಕನ್ನು ದೊಡ್ಡ ಸ್ಪೀಕರ್‌ಗಳಿಗೆ ಹಾಕಿದೆ. ಪಿಯಾನೋ ಟಣಟಣ ಎಂದಿತು. ಆಮೇಲೆ ಗಣಿಯನ್ನೂ ಮೀರಿಸುವ ಗಂಟಲಿನ ಒಬ್ಬ ಮೇಷ್ಟರು, "ಬಲ ಮೊಣಕಾಲು ಮೇಲೆ! ಹಾಂ, ನಿಧಾನ! ಕೆಳಗೆ!" ಎಂದು ಅಬ್ಬರಿಸಿದರು. ಕೇಳುಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಗಿರಾಕಿಯೊಬ್ಬ ಅಪ್ಪಣೆಯಾಯಿತೆಂದು ಕಾಲೆತ್ತಿಬಿಟ್ಟ. ಅಮ್ಮ ಸಂಕೋಚವಿಲ್ಲದೆ ಮೂಲಂಗಿ ಹಿಡಿದೇ ಜೊತೆಗೂಡಿದರು.

ಇಗರಾಶಿಗೆ ಫೋನ್ ಮಾಡಿದೆ. ಅವಳು ಬಂದು, ಕಂಪನಿಯ ಗೋದಾಮಿನಿಂದ ತಂದ ಡಿಸ್ಕ್‌ಗಳ ಪ್ಲಾಸ್ಟಿಕ್ ಹರಿದು ಒಂದೊಂದಾಗಿ ಹಾಕಿ ನೋಡಿದಳು. ಎಲ್ಲದರಲ್ಲೂ ಬಲ ಮೊಣಕಾಲು, ಎಡ ಮೊಣಕಾಲು. ಸಂಜೆಯೊಳಗೆ ಡಿಸ್ಕ್ ಒತ್ತುವ ಕಾರ್ಖಾನೆಯ ಯಜಮಾನ ಕ್ಷಮೆ ಕೇಳಲು ಉಡುಗೊರೆಯ ಕರಬೂಜ ಹಿಡಿದು ಓಡಿ ಬಂದ. ಅವನು ಬಗ್ಗಿದ ರಭಸಕ್ಕೆ ಹಣೆ ನೆಲಕ್ಕೆ ಬಡಿದು, ಭೂಕಂಪವೆಂದು ನಾಲ್ಕನೇ ಮಹಡಿಯವರು ಮೇಜಿನ ಕೆಳಗೆ ಹೊಕ್ಕರು. ಅವನು ಹೇಳಿದ್ದು ಇಷ್ಟು: ಒಂದೇ ದಿನ ಎರಡು ಕೆಲಸ ಬಂದಿದ್ದವು, ಕೊಳಲಿನದೊಂದು, ಸಾನ್ರಿಕು ತೀರದ ಮೀನುಗಾರರ ಸಂಘ ತನ್ನ ಮುದುಕರಿಗಾಗಿ ಮಾಡಿಸಿದ ಅಂಗಸಾಧನೆಯ ಸಿಡಿ ಇನ್ನೊಂದು. ಡಿಸ್ಕಿನ ಮೇಲೆ ಚಿತ್ರ ಅಚ್ಚುಹಾಕುವಾಗ ರಾಶಿಗಳು ಅದಲುಬದಲಾಗಿವೆ.

ಅಲ್ಲಿಗೇ ಬಂದ ನುಕಾಗಾ ಎಲ್ಲ ಕೇಳಿ ಕರಬೂಜದ ಒಂದು ಹೋಳು ಬಾಯಿಗಿಟ್ಟುಕೊಂಡರು.

"ಎಷ್ಟು ಜನ ದೂರು ಕೊಟ್ರು?"

"ಯಾರೂ ಇಲ್ಲ," ಎಂದೆ.

"ಹಾಗಾದ್ರೆ ಏನೂ ಆಗಿಲ್ಲ."

"ವಾಪಸ್ ತರಿಸ್ಬೇಕು," ಎಂದಳು ಇಗರಾಶಿ. "ಪತ್ರಿಕೇಲಿ ಕ್ಷಮೆ ಕೇಳಿ, ಎಲ್ಲಾರ್ಗೂ ಬದಲಾಯಿಸಿ ಕೊಡ್ಬೇಕು."

"ಹುಚ್ಚಾ ನಿಂಗೆ? ಯಾರೂ ಬಿಚ್ಚಿಲ್ಲ ಕಣಮ್ಮ! ಡಬ್ಬಿಗೆ ಸುತ್ತಿದ ಓಬಿ ಕಾಗದದ ಪಟ್ಟಿ ಮಾಸಬಾರದು, ಪ್ಲಾಸ್ಟಿಕ್ ಹರೀಬಾರದು ಅಂತ ಹಾಗೇ ಕಪಾಟಲ್ಲಿ ಇಟ್ಟಿದಾರೆ. ಅವರು ಖುಷಿಯಾಗಿದಾರೆ, ನಾವೂ ಖುಷಿಯಾಗಿದೀವಿ. ನೀನು ವಾಪಸ್ ತರಿಸಿದ್ರೆ ಆ ನಷ್ಟಕ್ಕೇ ಮಾಲಿಕೆ ಮುಳುಗತ್ತೆ. ನಿನ್ನ ಮಾಲಿಕೆ ತಾನೇ ಅದು?"

"ಹೌದು, ನನ್ನದೇ. ಅದಕ್ಕೇ ಹೇಳ್ತಿರೋದು."

ಅವಳು ದನಿ ಏರಿಸಲಿಲ್ಲ. ಮಾರನೆಯ ದಿನ ಕ್ಷಮೆಯ ಪ್ರಕಟಣೆ ಹೊರಬಿತ್ತು. ಅದರ ಅಡಿಯಲ್ಲಿ ಕಂಪನಿಯ ಹೆಸರಿನ ಜೊತೆ ಅವಳ ಹೆಸರೂ ಇತ್ತು. ನುಕಾಗಾ ಅವಳ ಜೊತೆ ಮಾತು ಬಿಟ್ಟರು.

ಬದಲಾಯಿಸಿಕೊಳ್ಳುವವರಿಗೆಂದು ನಾನು ಕೌಂಟರಿನ ಮುಂದೆ ಹಗ್ಗ ಕಟ್ಟಿ ಸಾಲು ಮಾಡಿಸಿದೆ. ಸಾಲೇನೋ ನಿಂತಿತು, ಉಯೆನೋ ನಿಲ್ದಾಣದವರೆಗೆ ಎಂದು ಇಟ್ಟುಕೊಳ್ಳಿ. ಆದರೆ ಒಬ್ಬನ ಕೈಯಲ್ಲೂ ಹಳೆಯ ಡಿಸ್ಕ್ ಇರಲಿಲ್ಲ. ಮುಂದೆ ನಿಂತವರು ಡಾಕ್ಟರು.

"ಸರಿಯಾದ್ದು ಮೂರು ಕೊಡು."

"ತಪ್ಪಿದ್ದು ತಂದಿದೀರಾ ಡಾಕ್ಟ್ರೇ? ಅದು ಕೊಟ್ರೆ ಇದು ಪುಕ್ಕಟೆ."

"ಯಾರು ಕೊಡ್ತಾರೆ? ತಪ್ಪು ಮುದ್ರಣ ಕಣಯ್ಯಾ, ಪ್ರಪಂಚದಲ್ಲಿ ಇನ್ನೆಲ್ಲೂ ಸಿಗಲ್ಲ. ಈಗ ಸರಿಯಾದ್ದನ್ನೂ ಪಕ್ಕದಲ್ಲಿ ಇಡ್ಬೇಕು. ಜೋಡಿ ಇದ್ರೇನೇ ಶೋಭೆ."

"ಹಾಗಾದ್ರೆ ಅವತ್ತು ಬಿದಿರಿನ ಗಂಟು ಕಾಣ್ತಿತ್ತು ಅಂದ್ರಲ್ಲ?"

ಡಾಕ್ಟರು ಒಂದು ಕ್ಷಣವೂ ತಡವರಿಸಲಿಲ್ಲ. ಆ ಧೈರ್ಯಕ್ಕೆ ನಾನು ಈಗಲೂ ತಲೆಬಾಗುತ್ತೇನೆ. "ಡಬ್ಬಿ ಮೇಲಿನ ಚಿತ್ರದಲ್ಲಿ," ಎಂದರು. "ಅಚ್ಚು ಅಷ್ಟು ಚೆನ್ನಾಗಿತ್ತು."

ಪಕ್ಕದಲ್ಲಿದ್ದ ಹೆಂಡತಿ ಮೊಣಕಾಲು ನೀವಿಕೊಳ್ಳುತ್ತ ಬೇರೆ ಕಡೆ ನೋಡಿದರು.

ಸರಿಯಾದ ಡಿಸ್ಕ್‌ಗಳೂ ಖಾಲಿಯಾದವು. ವಾಪಸ್ ಬಂದದ್ದು ಕೈಬೆರಳಿನಷ್ಟೂ ಇಲ್ಲ. ನುಕಾಗಾ ಅವಳ ಜೊತೆ ಮತ್ತೆ ಮಾತು ಶುರುಮಾಡಿದರು. ಮಾತೇನು, ಹಾಡೇ ಹಾಡಿದರು.

"ಇಗರಾಶಿ, ನೀನು ಬುದ್ಧಿವಂತೆ! ಒಂದೇ ಸರಕು ಎರಡು ಸಲ ಹೋಯ್ತು. ಮಾಲಿಕೆ ಇನ್ನು ಹತ್ತು ವರ್ಷ ಅಲ್ಲಾಡಲ್ಲ. ಮುಂದಿಂದಕ್ಕೆ ಗಣಿಗೆ ಯಾಕೆ ಹೋಗ್ತೀಯ? ಹಳೇ ಮುದ್ರಣ ಯಾವುದಾದ್ರೂ ತುಂಬು. ಡಬ್ಬಿ ಮಾತ್ರ ಮೆರುಗೆಣ್ಣೇದು ಮಾಡಿಸೋಣ."

ಮಾಲಿಕೆ ಉಳಿದಿತ್ತು. ಅದನ್ನು ಉಳಿಸಬೇಕೆಂದು ಹಿಮದಲ್ಲಿ ಕೂತವಳು ಕೊಟ್ಟ ಉತ್ತರ ಒಂದೇ: "ಯೋಚನೆ ಮಾಡ್ಬೇಕು. ನಾನಿದನ್ನ ಬಿಡೋದೋ ಇರೋದೋ, ಸಾನ್ರಿಕುಗೆ ಹೋಗ್ಬಂದು ಹೇಳ್ತೀನಿ. ಅಲ್ಲಿರೋ ಡಿಸ್ಕ್‌ಗಳನ್ನ ವಾಪಸ್ ತರೋದಿದೆ."

ಮೀನುಗಾರರ ಸಂಘದ ಅಂಗಸಾಧನೆಯ ಸಿಡಿಗಳನ್ನು ಸರಿಯಾಗಿ ಒತ್ತಿಸಿ ಎರಡು ಪೆಟ್ಟಿಗೆ ಮಾಡಿದ್ದರು. ಹೊರಲು ನಾನು ಹೋದೆ. ಒಂದು ಕಿರುಬೆರಳಿಗೆ ಒಂದು ಪೆಟ್ಟಿಗೆ ಎಂದರೆ ನಂಬುತ್ತೀರೋ ಇಲ್ಲವೋ.

ಊರು ಸಣ್ಣದು, ಬಂದರಿನ ಮೇಲ್ಗಡೆ ಸಂಘದ ಸಭಾಂಗಣ. ಕಿಟಕಿಯ ಹೊರಗೆ ಕಡಲಹಕ್ಕಿಗಳ ಜಗಳ, ಒಳಗೆ ಒಣಗಿದ ಕಡಲಪಾಚಿಯ ವಾಸನೆ. ಬೆಳಗಿನ ತರಗತಿ ನಡೆದಿತ್ತು. ಮೂಲೆಯಲ್ಲಿ ಹಿಡಿ ಮುರಿದ ಒಂದು ಪ್ಲೇಯರ್. ಈ ಡಿಸ್ಕ್‌ನ ಗುಣವೇ ಅದು, ಹೈ-ರೆಸ್ ಯಂತ್ರ ಇಲ್ಲದ ಕಡೆ ಮಾಮೂಲಿ ಸಿಡಿಯಾಗಿ ಹಾಡುತ್ತದೆ. ಆ ಪ್ಲೇಯರಿನಿಂದ ಇಗರಾಶಿಯ ಕೊಳಲು ಬರುತ್ತಿತ್ತು. ಮುದುಕ ಮುದುಕಿಯರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಕೊಳಲು ಎದ್ದಾಗ ಒಂದು ಕಾಲು ಎದ್ದಿತು. ಎಷ್ಟು ನಿಧಾನವೆಂದರೆ, ಅಷ್ಟರಲ್ಲಿ ಒಂದು ದೋಣಿ ಹೋಗಿ ಮೀನು ಹಿಡಿದು ಬರಬಹುದಿತ್ತು. ದನಿ ಕರಗಿ ಪ್ರತಿಧ್ವನಿಯೂ ಕರಗಿದ ಮೇಲೆ ಕಾಲು ನೆಲಕ್ಕೆ ಬಂತು.

ಇಗರಾಶಿ ಬಾಗಿಲಲ್ಲೇ ನಿಂತಳು. ಡಿಸ್ಕ್ ಮುಗಿದ ಮೇಲೆ ಒಳಗೆ ಹೋಗಿ ಬಗ್ಗಿ ಕ್ಷಮೆ ಕೇಳಿ ವಿಷಯ ತಿಳಿಸಿದಳು.

ಸಂಘದ ಹಿರಿಯಳು ಒಯಿಕಾವಾ ತೊಯೊ, ಸಿಂಪಿ ಬಿಚ್ಚಿ ಬಿಚ್ಚಿ ಬೆರಳು ಕೊಕ್ಕೆಯಾದ ಅಜ್ಜಿ. ಹೊಸ ಸಿಡಿಯನ್ನು ಹಾಕಿಸಿದಳು. ಮೇಷ್ಟರು "ಬಲ ಮೊಣಕಾಲು ಮೇಲೆ!" ಎಂದ ತಕ್ಷಣ ನಿಲ್ಲಿಸಿದಳು.

"ಇವನ್ಯಾರು, ಹಿಂಗೆ ಕಿರಚೋನು? ಬ್ಯಾಡವ್ವ, ತಗೊಂಡೋಗು."

"ಆದ್ರೆ ಅಜ್ಜಿ, ನೀವು ದುಡ್ಡು ಕೊಟ್ಟಿದ್ದು ಇದಕ್ಕೇ. ಅದು ಕೊಳಲು, ಅಂಗಸಾಧನೇದಲ್ಲ."

"ಯಾರಂದ್ರು ಅಲ್ಲ ಅಂತ? ಯಾರೋ ಟೋಕಿಯೋದ ಡಾಕ್ಟರು ಹೊಸಾದು ಕಳ್ಸವ್ರೆ ಅಂದ್ಕಂಡು ಮೊದಲ್ನೇ ದಿನವೇ ಕಲ್ತ್ವಿ. ನುಡ್ಸೋ ಮುದುಕ ಉಸಿರು ಎಳ್ಕತಾನಲ್ಲ, ಆಗ ನಾವೂ ಎಳ್ಕಂಡು ಕಾಲೆತ್ತೋದು. ಮೂರನೇದ್ರಲ್ಲಿ ಒಂದು ಕಡೆ ಅವ್ನಿಗೆ ಉಸಿರು ಸಾಲಲ್ಲ, ನೋಡು. ಅಲ್ಲಿ ನಮ್ಗೂ ಸಾಲಲ್ಲ."

"ಅದು... ಅಲ್ಲಿ ಅವರಿಗೆ ಚಳಿ ತಡೆಯಕ್ಕಾಗ್ಲಿಲ್ಲ," ಎಂದಳು ಇಗರಾಶಿ. "ತೆಗೆದುಹಾಕೋಣ ಅಂತಿದ್ದೆ."

"ತೆಗ್ದಿದ್ರೆ ನಾವೆಲ್ಲಿ ನಿಲ್ಲಿಸ್ಬೇಕಿತ್ತು?"

ಹಿಂದಿನಿಂದ ಒಬ್ಬ ಮುದುಕ, "ಅವ್ನು ಬದುಕವ್ನಾ?" ಎಂದ.

"ಬದುಕಿದಾರೆ."

"ಬಿಸಿ ಸಾಕೆ ಹೆಂಡ ಕುಡ್ಸವ್ವ ಅವ್ನಿಗೆ. ಆಮೇಲೆ ಸೊಂಟಕ್ಕೊಂದು ಮಾಡ್ಸು. ಮೊಣಕಾಲು ಆತು."

ಎಲ್ಲರೂ ನಕ್ಕರು. ಇಗರಾಶಿ ನಗಲಿಲ್ಲ. ಆ ಮುದುಕನ ಸೊಂಟ ಎಷ್ಟು ಬಗ್ಗುತ್ತದೆ, ಎಲ್ಲಿ ನೋಯುತ್ತದೆ, ಒಂದು ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ವಿಚಾರಿಸತೊಡಗಿದಳು. ಮಧ್ಯಾಹ್ನ ಸಿಂಪಿಯ ಸಾರು ಅನ್ನ ಹಾಕಿದರು. ನಾನು ಉಂಡದ್ದಕ್ಕೆ ಆ ವರ್ಷ ಬಂದರಿನಲ್ಲಿ ಸಿಂಪಿಗೆ ಬರ ಬಂತೆನ್ನುತ್ತಾರೆ. ಹೋಗುವಾಗ ಕೊಳಲಿನ ಡಿಸ್ಕ್‌ಗಳು ಅಲ್ಲೇ ಉಳಿದವು. ಮೇಷ್ಟರನ್ನು ಪೆಟ್ಟಿಗೆ ಸಮೇತ ನಾನೇ ಮತ್ತೆ ಹೊತ್ತೆ.

ರೈಲು ನಿಲ್ದಾಣದಿಂದ ಅವಳು ನುಕಾಗಾ ಅವರಿಗೆ ಫೋನ್ ಮಾಡಿದಳು. ನನ್ನ ಕಿವಿಯ ವಿಷಯ ಹೇಳಿದೆನಲ್ಲ, ಎರಡೂ ಕಡೆಯ ಮಾತು ಕೇಳಿಸುತ್ತಿತ್ತು.

"ನಾನು ಮಾಲಿಕೇಲಿ ಇರ್ತೀನಿ," ಎಂದಳು. "ಆದ್ರೆ ಗಣಿಯಲ್ಲೇ ಮುದ್ರಿಸೋದು. ಅದೇ ಡಿಸ್ಕ್, ಎರಡು ಪಾಲು. ಒಂದು ಪಾಲು ನಿಮ್ಮ ಡಬ್ಬಿಗೆ. ಇನ್ನೊಂದು ಪಾಲಿಗೆ ಪ್ಲಾಸ್ಟಿಕ್ ಬೇಡ, ಓಬಿ ಬೇಡ, ಅದು ಈ ತೀರದ ಸಭಾಂಗಣಗಳಿಗೆ ಹೋಗತ್ತೆ. ಡಬ್ಬಿಯವರ ದುಡ್ಡಲ್ಲಿ."

"ಮಾರುಕಟ್ಟೆ ಅಂದ್ರೆ ಹಾಗಲ್ಲ ಕಣಮ್ಮ. ಕೊಳ್ಳೋರಿಗೆ ಕೊಡೋದು."

"ಕೊಳ್ಳೋರಿಗೂ ಕೊಡ್ತಿದೀವಲ್ಲ. ಅವರು ಬಿಚ್ಚಲ್ಲ, ಅಷ್ಟೇ. ಒಪ್ಪಿಗೆ ಇಲ್ಲದಿದ್ರೆ ಹೇಳಿ, ಈಗಲೇ ಬಿಡ್ತೀನಿ. ಗಣಿಯ ಬೀಗದ ಕೈ ಕೊಡೋ ಯಜಮಾನನಿಗೆ ನನ್ನ ಗುರುತು ಮಾತ್ರ ಇರೋದು."

ಆ ಕಡೆ ನುಕಾಗಾ ಒಳಗೇ ಲೆಕ್ಕ ಹಾಕುವ ಸದ್ದು ನನಗೆ ಕೇಳಿಸಿತು.

"ಈ ಸಲ ಯಾತಕ್ಕೆ ಮಾಡ್ತೀಯ?"

"ಸೊಂಟಕ್ಕೆ."

"ಏನು?"

"ಸೊಂಟಕ್ಕೆ."

ಇನ್ನೊಂದಿಷ್ಟು ಲೆಕ್ಕ. ಆಮೇಲೆ ಅವರು, ಸೋತ ದನಿಯಲ್ಲೇನೂ ಅಲ್ಲ, ಕೇಳಿದರು: "ಡಬ್ಬಿ ಕೆಂಪು ಮಾಡೋಣ್ವಾ, ಕಪ್ಪಾ?"

"ನಿಮಗೆ ಬೇಕಾದ್ದು ಮಾಡ್ಕೊಳಿ," ಎಂದು ಇಗರಾಶಿ ರೈಲು ಹತ್ತಿದಳು.