ಬಸಂತರಾಯನ ಹೆಂಡತಿ

ಒನಕೆಯ ಮೊದಲ ಪೆಟ್ಟು ಸುಮಿತ್ರಾಬಾಯಿಯದೇ ಆಗಬೇಕೆಂದು ಹೆಂಗಸರೆಲ್ಲ ಹಟ ಹಿಡಿದಿದ್ದರು. ಅರವತ್ತೊಂಬತ್ತರ ಮುದುಕಿ ಸೊಂಟ ಹಿಡಿದುಕೊಂಡು ಎದ್ದು, ಒರಳಿನೊಳಗಿನ ಅರಿಷಿಣದ ಕೊಂಬುಗಳಿಗೆ ಕೈಮುಗಿದು ಒನಕೆ ಎತ್ತುವಷ್ಟರಲ್ಲಿ ಅಂಗಳದಲ್ಲಿ ಕಾರೊಂದು ಬಂದು ನಿಂತಿತು.

"ಬೀಗರಿರಬೇಕು" ಎಂದಳು ಒಬ್ಬಳು. "ಬೀಗರು ಇಷ್ಟ ಲಗೂ ಯಾಕ ಬರ್ತಾರ? ಇನ್ನೂ ಜಗಳಾಡೂದೈತಿ" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಮದುಮಗಳು ವಿಜಯಲಕ್ಷ್ಮಿ ಬಾಗಿಲತನಕ ಓಡಿಹೋಗಿ ನೋಡಿಕೊಂಡು ಬಂದವಳೇ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಆಯಿ, ಕೆಂಪ ಮಾರಿ ಸಾಹೇಬ ಬಂದಾನ. ಇಂಡಿ ಫಕ್ರುದ್ದೀನಜ್ಜನ ಜೋಡಿ. ನಿನ್ನ ಹೆಸರ ಹಿಡದು ಕೇಳಾಕತ್ತಾನ."

ಸುಮಿತ್ರಾಬಾಯಿ ಒನಕೆಯನ್ನು ಗೋಡೆಗೆ ಒರಗಿಸಿದಳು. ಐವತ್ತು ವರ್ಷದಿಂದ ಅವಳು ಕಾಯುತ್ತಿದ್ದುದು ಇದೇ ಬಾಗಿಲ ಮುಂದೆ ಗಂಡನ ಪಲ್ಟನ್ನಿನಿಂದ ಒಬ್ಬರು ಬಂದು ನಿಲ್ಲಲಿ ಎಂದು. ಬಂದವನು ಏನು ಹೇಳಿದರೂ ಸರಿ, ಹೇಳಲಿ ಎಂದು.

ಬಸಂತರಾಯ ಅವಳನ್ನು ಮದುವೆಯಾಗಿ ಎಂಟು ತಿಂಗಳು ಸಾಲೋಟಗಿಯ ಈ ಮನೆಯಲ್ಲಿ ಬಾಳ್ವೆ ಮಾಡಿ, ಇಂಗ್ಲಿಷರ ಯುದ್ಧಕ್ಕೆ ಮಂದಿ ಬೇಕಾದಾಗ ಮರಾಠಾ ಪಲ್ಟನ್ನು ಸೇರಿ ಹೋಗಿದ್ದ. ಎರಡು ವರ್ಷದ ಮೇಲೆ ಸರಕಾರದಿಂದ ಸುದ್ದಿ ಬಂತು, ಬರ್ಮಾ ಗಡಿಯ ಗುಡ್ಡದಲ್ಲಿ ಕಾಣೆಯಾಗಿದ್ದಾನೆ, ಪತ್ತೆಯಿಲ್ಲ. ಅತ್ತೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪತ್ತೆ ಇಲ್ಲ ಅಂದರೆ ಸತ್ತ ಅಂತಲ್ಲ. ಸೊಸೆಯ ಕುಂಕುಮ ಅಳಿಸಗೊಡಲಿಲ್ಲ, ಬಳೆ ಒಡೆಯಗೊಡಲಿಲ್ಲ. ಮುಂದೆ ಸರಕಾರದವರು ಪಿಂಚಣಿ ಕೊಡುತ್ತೇವೆಂದು ಬಂದಾಗ ಅವರನ್ನೂ ಬೈದು ಕಳಿಸಿದಳು. ಪಿಂಚಣಿ ತಗೊಂಡರೆ ಮಗ ಸತ್ತನೆಂದು ತಾನೇ ಒಪ್ಪಿದಂತಲ್ಲವೇ! ಎಲ್ಲಕ್ಕಿಂತ ಹೆಚ್ಚಾಗಿ, ಸೊಸೆಯನ್ನು ಅಳಗೊಡಲಿಲ್ಲ. ಜೀವಂತ ಇದ್ದವರಿಗಾಗಿ ಅತ್ತರೆ ಅವರ ಆಯುಷ್ಯ ಕಡಿಮೆಯಾಗುತ್ತದೆಂದು ಗದರಿಸಿ ಬಾಯಿ ಮುಚ್ಚಿಸಿದಳು.

ಹಾಗೆ ಹದಿನೆಂಟರ ಹುಡುಗಿ ಗಂಡನಿಲ್ಲದ ಮುತ್ತೈದೆಯಾದಳು. ಊರ ಬಾಯಿ ಮುಚ್ಚಲು ಯಾರಿಂದಾದೀತು? ಮೊದಮೊದಲು ನಕ್ಕವರೂ ಇದ್ದರು. ಕಾಲ ಸರಿದಂತೆ ಅದೇ ಊರು ಅವಳನ್ನು ದೊಡ್ಡ ಮುತ್ತೈದೆ ಮಾಡಿತು. ಅವಳ ಓರಗೆಯವರೆಲ್ಲ ಒಬ್ಬೊಬ್ಬರಾಗಿ ಕುಂಕುಮ ಕಳೆದುಕೊಂಡರು, ಅವಳದು ಉಳಿಯಿತು. ಸಾಲೋಟಗಿಯ ಯಾವ ಮದುವೆಯಾದರೂ ಅರಿಷಿಣಕ್ಕೆ ಮೊದಲು ಅವಳ ಕೈ, ಮದುಮಗಳ ಉಡಿಗೆ ಮೊದಲು ಅವಳ ಅಕ್ಕಿ. ಈಗ ಮೈದುನ ಗುರಣ್ಣನ ಮೊಮ್ಮಗಳದೇ ಮದುವೆ. ಗುರಣ್ಣ ಬಟ್ಟೆ ತರಲು ಸೊಲ್ಲಾಪುರಕ್ಕೆ ಹೋಗಿದ್ದ. ಮನೆಯಲ್ಲಿದ್ದವರು ಹೆಂಗಸರೇ.

ಸುಮಿತ್ರಾಬಾಯಿ ಬಚ್ಚಲಿಗೆ ಹೋಗಿ ಮುಖ ತೊಳೆದಳು. ಹಣೆಗೆ ಹೊಸದಾಗಿ, ಎಂದಿಗಿಂತ ಅಗಲವಾಗಿ ಕುಂಕುಮ ಹಚ್ಚಿಕೊಂಡಳು. ಬದುಕಿದ್ದಾನೆ ಎಂದು ಹೇಳಲು ಬಂದಿದ್ದರೆ? ಜಪಾನಿನವರ ಸೆರೆಗೆ ಸಿಕ್ಕವರು ಎಷ್ಟೋ ವರ್ಷದ ಮೇಲೆ ಬಂದದ್ದಿದೆ ಎಂದು ಫಕ್ರುದ್ದೀನನೇ ಹಿಂದೊಮ್ಮೆ ಹೇಳಿದ್ದ. ಹುಚ್ಚು ಆಸೆ, ಅವಳಿಗೂ ಗೊತ್ತು. ಗೊತ್ತಿದ್ದರೂ ಸೆರಗು ಸರಿಮಾಡಿಕೊಂಡಳು.

ಅಂಗಳದ ಬೇವಿನ ಕೆಳಗೆ ಹೊರಸಿನ ಮೇಲೆ ಸಾಹೇಬ ಕೂತಿದ್ದ. ಎಪ್ಪತ್ತೈದು ದಾಟಿದ ಉದ್ದನೆಯ ಮನುಷ್ಯ, ಬಿಸಿಲಿಗೆ ಕಿವಿ ಕೆಂಪಾಗಿತ್ತು. ಪಕ್ಕದಲ್ಲಿ ಫಕ್ರುದ್ದೀನ ಹಳೆಯ ಕೋಟು ಹಾಕಿಕೊಂಡು ಸಂಭ್ರಮದಲ್ಲಿ ನಿಂತಿದ್ದ. ಅದೇ ಪಲ್ಟನ್ನಿನಲ್ಲಿ ಲಾರಿ ನಡೆಸಿದವನು ಅವನು. ಬಸಂತರಾಯ ಕಾಣೆಯಾದಾಗ ಅವನು ಜ್ವರ ಹಿಡಿದು ದವಾಖಾನೆಯಲ್ಲಿದ್ದ.

"ತಂಗೆವ್ವ, ಇವ್ರು ಕಾರ್ವರ್ ಸಾಹೇಬ್ರು. ನಮ್ಮ ಕಂಪನಿ ಇವ್ರ ಕೈಯಾಗ ಇತ್ತು. ಯುದ್ಧ ಮುಗದು ಐವತ್ತ ವರ್ಷ ಆತಂತ ಇಂಫಾಳಕ್ಕ ಬಂದಿದ್ರಂತ. ಹಂಗ ನಮ್ಮ ಹುಡುಗರ ಊರು ನೋಡಿಕೊಂಡ ಹೋಗ್ತೇನಿ ಅಂತ ಇಂಡಿಗೆ ಬಂದು ನನ್ನ ಮನಿ ಹುಡಿಕ್ಯಾರ. ಬಸಂತರಾಯನ ಹೇಣ್ತಿ ಅದಾಳೇನು ಅಂತ ಮೊದಲ ಅದನ್ನ ಕೇಳಿದ್ರು."

ಸಾಹೇಬ ಎದ್ದು ನಿಂತ. ಪಲ್ಟನ್ನಿನಲ್ಲಿ ಕಲಿತ ಮರಾಠಿ ಅವನ ನಾಲಗೆಯ ಮೇಲೆ ಇನ್ನೂ ಇತ್ತು, ತುಕ್ಕು ಹಿಡಿದಿದ್ದರೂ ತಿಳಿಯುವಂತಿತ್ತು. ಸೊಲ್ಲಾಪುರದ ಪೇಟೆಗೆ ನೂರು ಸಲ ಹೋಗಿ ಬಂದ ಸುಮಿತ್ರಾಬಾಯಿಗೆ ಮರಾಠಿ ಮನೆಯ ಮಾತಿನಂತೆಯೇ. ಸಾಹೇಬನ ಕಣ್ಣು ಮೊದಲು ಅವಳ ಹಣೆಗೆ ಹೋಯಿತು, ಆಮೇಲೆ ಕೈಯ ಹಸಿರು ಬಳೆಗೆ. ಅವನ ಮುಖ ಅರಳಿತು.

"ಫಕ್ರುದ್ದೀನ, ಇಷ್ಟು ಒಳ್ಳೆಯ ಸುದ್ದಿ ನೀನು ಹೇಳಲೇ ಇಲ್ಲವಲ್ಲ! ಬರಿ ಹಣೆಯ ಮುದುಕಿಯನ್ನು ಹೇಗೆ ನೋಡಲಿ ಎಂದು ಹಾದಿಯುದ್ದಕ್ಕೂ ಹೆದರಿಕೊಂಡು ಬಂದೆ. ಬಾಯಿ, ನಿಮ್ಮ ಪಾಟ ಆಯಿತಲ್ಲ, ನನಗೆ ಬಹಳ ಸಂತೋಷ. ಯಜಮಾನರು ಎಲ್ಲಿ? ಅವರಿಗೊಂದು ಸಲಾಮು ಹೇಳುತ್ತೇನೆ."

ಮರಾಠಿಗರು ಪಾಟ ಎನ್ನುವುದನ್ನೇ ಈ ಕಡೆ ಉಡಿಕಿ ಎನ್ನುತ್ತಾರೆ. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದು. ತನ್ನ ಸಿಪಾಯಿಗಳ ರೀತಿ ರಿವಾಜು ಬಲ್ಲೆನೆಂಬ ಹೆಮ್ಮೆ ಸಾಹೇಬನ ಮಾತಿನಲ್ಲಿತ್ತು. ಅರ್ಧ ಬಲ್ಲವನ ಹೆಮ್ಮೆ ಅದು. ಫಕ್ರುದ್ದೀನನ ಮುಖದ ಸಂಭ್ರಮ ಇಳಿದುಹೋಯಿತು.

ಸುಮಿತ್ರಾಬಾಯಿ ಸಾಹೇಬನ ಮುಖವನ್ನೇ ನೋಡಿದಳು. ಆಮೇಲೆ ಮರಾಠಿಯಲ್ಲೇ ಹೇಳಿದಳು, "ಯಜಮಾನ್ರನ್ನ ನೀವ ಕರಕೊಂಡ ಹೋಗಿದ್ರೆಲ್ಲರಿ ಸಾಹೇಬ್ರ. ಎಲ್ಲಿ ಅದಾರಂತ ನೀವ ಹೇಳಬೇಕು."

ಸಾಹೇಬನಿಗೆ ಅರ್ಥವಾಗಲಿಲ್ಲ. ಫಕ್ರುದ್ದೀನ ನಡುವೆ ಬಂದ. "ಸಾಹೇಬ್ರಿಗೆ ವಯಸ್ಸಾಗೇತಿ ತಂಗೆವ್ವ. ಯಾರದೋ ಮಾತು ಯಾರಿಗೋ ಹಚ್ಚಾಕತ್ತಾರ. ಪಲ್ಟನ್ನಿನಾಗ ಬಸಂತರಾಯ ಅಂತ ನಾಕೈದ ಮಂದಿ ಇದ್ರು."

"ಸಾಲೋಟಗಿಯವ್ರು ಎಷ್ಟ ಮಂದಿ ಇದ್ರೋ ಅಣ್ಣ?"

ಫಕ್ರುದ್ದೀನ ತಲೆ ತಗ್ಗಿಸಿದ.

"ನೀ ಸುಮ್ಮ ಇರು. ಅವ್ರು ಹೇಳಲಿ."

ಸಾಹೇಬ ಈಗ ಮತ್ತೊಮ್ಮೆ ಅವಳ ಹಣೆಯನ್ನು ನೋಡಿದ. ಈ ಸಲ ನೋಡಿದ ರೀತಿಯೇ ಬೇರೆ. ಕೆಂಪು ಕಿವಿ ಬೂದಿಯ ಬಣ್ಣಕ್ಕೆ ತಿರುಗಿತು. ನಿಂತವನು ಹೊರಸಿನ ಮೇಲೆ ಕುಸಿದು ಕೂತು, "ನಿಮಗೆ ಯಾರೂ ಹೇಳಲಿಲ್ಲವೇ? ಇಷ್ಟು ವರ್ಷ?" ಎಂದ.

"ಪತ್ತೆ ಇಲ್ಲಂತ ಹೇಳಿದ್ರಿ."

"ಅದನ್ನು ಬರೆದವನು ನಾನೇ" ಎಂದ ಸಾಹೇಬ. "ಅವನು ಕಾಣೆಯಾಗಿರಲಿಲ್ಲ ಬಾಯಿ. ಹೊಟ್ಟೆಗೆ ಗುಂಡು ಬಿದ್ದಿತ್ತು. ತಲೆ ನನ್ನ ತೊಡೆಯ ಮೇಲೆ ಇತ್ತು. ಕಣ್ಣು ಮುಚ್ಚಿದ್ದು ನಾನೇ. ಅಲ್ಲೇ ಗುಡ್ಡದ ಬೆನ್ನಿಗೆ ಹೂಳಿದೆವು. ಹೋದ ವಾರ ಅಲ್ಲಿಗೆ ಹೋಗಿ ಬಂದೆ. ಈಗ ಅಲ್ಲಿ ದಟ್ಟ ಕಾಡು, ಜಾಗ ಗುರುತು ಸಿಗಲಿಲ್ಲ."

ಒಳಗಿನಿಂದ ಹೆಂಗಸರ ನಗು ಕೇಳಿಸಿತು. ಯಾರೋ ಮದುಮಗಳನ್ನು ಕಾಡಿಸುತ್ತಿದ್ದರು. ಸುಮಿತ್ರಾಬಾಯಿ ಕಟ್ಟೆಯ ಮೇಲೆ ಕೈಯೂರಿ ಕೂತಳು. ಅವಳ ಮುಖದಲ್ಲಿ ದುಃಖ ಕಾಣಲಿಲ್ಲ. ಲೆಕ್ಕ ತಪ್ಪಿದವರ ಗೊಂದಲವಿತ್ತು.

"ನೀರ ಕೇಳಿದ್ರೇನು?"

"ಕೇಳಿದ. ಕೊಟ್ಟೆ."

"ಮತ್ತ ಸತ್ತವ್ರನ್ನ ಪತ್ತೆ ಇಲ್ಲಂತ ಯಾಕ ಬರದ್ರಿ?"

ಸಾಹೇಬ ಕೈಗಳನ್ನು ಉಜ್ಜಿಕೊಂಡ. ಹೇಳಲೋ ಬೇಡವೋ ಎಂದು ಫಕ್ರುದ್ದೀನನ ಕಡೆ ನೋಡಿದ. ಅವನು ಬೇವಿನ ಕಾಂಡಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ.

"ಯುದ್ಧದ ಮೊದಲ ಎರಡು ವರ್ಷ ನನ್ನನ್ನು ನಮ್ಮ ದೇಶದಲ್ಲೇ ಇಟ್ಟಿದ್ದರು. ವೈರಿ ಸಮುದ್ರದಿಂದ ಬರುತ್ತಾನೆಂದು ದಂಡೆಯ ಉಸುಕಿನಲ್ಲಿ ಬಾಂಬು ಹೂಳಿಸುವ ಕೆಲಸ. ವೈರಿ ಬರಲೇ ಇಲ್ಲ. ನಮ್ಮದೇ ಬಾಂಬಿನ ಮೇಲೆ ನಮ್ಮದೇ ಒಬ್ಬ ಹುಡುಗ ಕಾಲಿಟ್ಟ. ಅವನ ಹೆಂಡತಿ ಅದೇ ಊರಿನಲ್ಲಿದ್ದಳು. ಹೇಳಲು ನಾನೇ ಹೋದೆ. ಅರಿವೆ ಒಣಹಾಕುತ್ತಿದ್ದಳು. ಹತ್ತೊಂಬತ್ತು ವರ್ಷದವಳು. ಎಲ್ಲ ಕೇಳಿ, ಅಳಲಿಲ್ಲ, ನನಗೆ ಚಹಾ ಮಾಡಿಕೊಟ್ಟಳು. ಮರುದಿನ ಮುಂಜಾನೆ ಸಮುದ್ರದಲ್ಲಿ ಸಿಕ್ಕಳು." ಸಾಹೇಬ ಸುಮಿತ್ರಾಬಾಯಿಯ ಕಡೆ ತಿರುಗಿದ. "ಬಸಂತರಾಯ ಸದಾ ನಿಮ್ಮ ಮಾತೇ ಆಡುತ್ತಿದ್ದ. ನಿಮ್ಮ ವಯಸ್ಸೂ ಹೇಳಿದ್ದ. ಸತ್ತ ಎಂದು ಬರೆಯಲು ಕೂತಾಗ ನನಗೆ ಕಂಡದ್ದು ಆ ಹುಡುಗಿ. ಕೈ ಏಳಲಿಲ್ಲ. ಸ್ವಲ್ಪ ದಿನ ಆಸೆಯಿಂದ ಇರಲಿ, ಯುದ್ಧ ಮುಗಿದ ಮೇಲೆ ಹೇಗೂ ತಿಳಿಯುತ್ತದೆ, ಅಷ್ಟರಲ್ಲಿ ಮನಸ್ಸು ಗಟ್ಟಿಯಾಗಿರುತ್ತದೆ ಎಂದುಕೊಂಡೆ. ನೀವು ಬದುಕಲಿ ಎಂದು ಬರೆದೆ."

"ಆಕಿ ಸತ್ಲು, ನಾ ಬದಕಿದ್ನಿ" ಎಂದಳು ಸುಮಿತ್ರಾಬಾಯಿ. "ಎರಡರಾಗ ಯಾವದು ಚೊಲೊ ಆತು, ನೀವ ಹೇಳ್ರಿ."

ಒಳ್ಳೆಯದು ಮಾಡಲು ಹೋದವನ ಮೇಲೆ ಸಿಟ್ಟಾಗುವುದು ಕಷ್ಟ. ಕೆಟ್ಟವನಾಗಿದ್ದರೆ ಶಾಪ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಸುಮಿತ್ರಾಬಾಯಿಗೆ ಆ ಸುಖವೂ ಸಿಗಲಿಲ್ಲ.

"ಆದರೆ ನಿಮ್ಮಲ್ಲಿ ಪಾಟ ಇದೆಯಲ್ಲ" ಎಂದ ಅವನು, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ. "ನಮ್ಮ ಜವಾನರು ಹೇಳುತ್ತಿದ್ದರು. ನೀವು ಇನ್ನೊಂದು ಸಂಸಾರ ಮಾಡಿಕೊಂಡಿರುತ್ತೀರಿ ಎಂದು ನಾನು..."

"ಸತ್ತವನ ಹೇಣ್ತಿಗೆ ಐತ್ರಿ. ಪತ್ತೆ ಇಲ್ಲದವನ ಹೇಣ್ತಿಗೆ ಎಲ್ಲೈತಿ?" ಅವಳ ದನಿ ಮೊದಲ ಸಲ ಏರಿತು. "ಸಿಂದಗಿ ಅಪ್ಪಾಸಾಬ ಮೂರ ಸರತಿ ಕೇಳಾಕ ಬಂದಿದ್ದ. ಹೇಣ್ತಿ ಬಾಣಂತನದಾಗ ಸತ್ತಿದ್ಲು, ಎರಡ ಮಕ್ಕಳಿದ್ವು. ಚೊಲೊ ಮನಶ್ಯಾ. ಕಡೀ ಸರತಿ ಬಂದಾಗ ನಾ ಈ ಬಾಗಲ ಹಿಂದ ನಿಂತ ಕೇಳಾಕತ್ತಿದ್ನಿ. ಹೂಂ ಅನ್ಲಿ, ಹೂಂ ಅನ್ಲಿ ಅಂತ ನಮ್ಮತ್ತಿ ಮಾರಿ ನೋಡಾಕತ್ತಿದ್ನಿ. ಗಂಡ ಜೀವಂತ ಇದ್ದಾಕಿನ್ನ ಉಡಿಕಿ ಕೇಳಾಕ ನಾಚಿಕಿ ಬರೂದಿಲ್ಲೇನಂತ ನಮ್ಮತ್ತಿ ಅವಗ ಚಪ್ಪಲಿ ತೋರಿಸಿದ್ಲು. ಜೀವಂತ! ನೀವು ಮಣ್ಣ ಕೊಟ್ಟು ಐದ ವರ್ಷ ಆಗಿತ್ತು."

ಇದನ್ನು ಅವಳು ಯಾರ ಮುಂದೆಯೂ ಹೇಳಿದವಳಲ್ಲ. ಫಕ್ರುದ್ದೀನ ಕೋಟಿನ ತೋಳಿನಿಂದ ಕಣ್ಣು ಒರಸಿಕೊಂಡ.

"ಸುಮಿತ್ರಾಬಾಯಾರ, ಬರ್ರಿ ಲಗೂ" ಎಂದು ಒಳಗಿನಿಂದ ಕೂಗು ಬಂತು. "ಹೊತ್ತ ಮೀರತೈತಿ. ನೀವು ಒನಕಿ ಹಾಕೂತನಾ ನಾವು ಹಾಡ ಸುರು ಮಾಡೂದಿಲ್ಲ."

ಬಾಗಿಲಲ್ಲಿ ಸುನಂದಾ ನಿಂತಿದ್ದಳು. ಗುರಣ್ಣನ ಸೊಸೆ, ಮದುಮಗಳ ತಾಯಿ. ಸಾಹೇಬನಿಗೆಂದು ತಂದ ಚಹಾದ ಕಪ್ಪು ಅವಳ ಕೈಯಲ್ಲಿ ಕೆನೆಗಟ್ಟಿತ್ತು. ಅವಳ ತವರು ಸೊಲ್ಲಾಪುರದ ಆಚೆ. ಮರಾಠಿಯ ಒಂದು ಮಾತೂ ಅವಳ ಕಿವಿ ತಪ್ಪಿಸಿಕೊಂಡಿರಲಾರದು. ಅವಳು ಕಪ್ಪನ್ನು ಕಟ್ಟೆಯ ಮೇಲಿಟ್ಟು ದೊಡ್ಡತ್ತೆಯ ಮೊಣಕೈ ಹಿಡಿದಳು.

"ಒಳಗ ಬರ್ರಿ ಅತ್ತಿ. ಯಾರೂ ಕೇಳಿಲ್ಲ."

"ನೀ ಕೇಳಿಲ್ಲೇನು?"

"ಇಲ್ಲರಿ" ಎಂದಳು ಸುನಂದಾ. ಹೇಳುವಾಗ ಅವಳ ಕಣ್ಣು ಬೇರೆ ಕಡೆ ಇತ್ತು. ಒಳಗೆ ಮಗಳಿದ್ದಾಳೆ, ನಾಲ್ಕು ದಿನದಲ್ಲಿ ಮದುವೆ. ಅರಿಷಿಣಕ್ಕೆ ಇವಳ ಕೈ ಬಿದ್ದರೂ ಹೆದರಿಕೆ, ಬೀಳದೆ ಊರಿಗೆ ತಿಳಿದರೂ ಹೆದರಿಕೆ. ಅತ್ತ ದರಿ, ಇತ್ತ ಪುಲಿ. "ಮದವಿ ಒಂದ ಮುಗೀಲಿ ಅತ್ತಿ. ಆಮ್ಯಾಲ ನೀವು ಹೆಂಗ ಅಂತೀರಿ ಹಂಗ. ನಿಮ್ಮ ಕಾಲ ಬೀಳ್ತೇನಿ."

"ನಾ ಕೇಳೇನೆಲ್ಲ ಸುನಂದಾ" ಎಂದಳು ಸುಮಿತ್ರಾಬಾಯಿ. "ನಾ ಕೇಳೇನಿ."

ಅವಳು ಸೊಸೆಯ ಕೈ ಬಿಡಿಸಿಕೊಂಡಳು. ಎದ್ದು ಒಳಗೆ ಹೋಗಬೇಕೆಂದು ಅವಳಿಗೂ ಇತ್ತು. ಆ ಹುಡುಗಿಯನ್ನು ಎತ್ತಿ ಆಡಿಸಿದವಳು, ಅವಳ ಕೆನ್ನೆಗೆ ಅರಿಷಿಣ ಹಚ್ಚಬೇಕೆಂದು ವರ್ಷದಿಂದ ಹೇಳಿಕೊಂಡು ಬಂದವಳು. ಎರಡು ಹೆಜ್ಜೆ ಇಟ್ಟಳು ಕೂಡ. ಹೊಸಿಲ ಹತ್ತಿರ ಬಂದಾಗ ಕಾಲು ನಿಂತವು. ಅಲ್ಲೇ ಕೂತು, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಆಮೇಲೆ ದನಿ ಎದ್ದಿತು.

ಈ ಸೀಮೆಯಲ್ಲಿ ಹೆಣ್ಣುಮಕ್ಕಳು ಸತ್ತವರ ಮುಂದೆ ಹಾಡಿಕೊಂಡು ಅಳುತ್ತಾರೆ. ಊರಿನ ಎಷ್ಟೋ ಸಾವಿಗೆ ಮಂದಿ ಅಳುವುದನ್ನು ಅವಳು ಕೇಳಿದ್ದಳು, ತಾನು ಮಾತ್ರ ಅತ್ತವಳಲ್ಲ. "ಎಂಟ ತಿಂಗಳ ಬಾಳೇವು ಮಾಡಿ ಹ್ವಾದೆಲ್ಲೋ ನನ ಧಣೀ... ಗುರತಿಲ್ಲದ ಗುಡ್ಡದಾಗ ಒಬ್ಬನ ಮಲಗಿದೆಲ್ಲೋ... ನಾ ಮುದಿಕಿ ಆದ್ನೆಲ್ಲೋ, ನೀ ಇನ್ನಾ ಹುಡುಗನ ಇದ್ದೀಯೆಲ್ಲೋ... ಈ ಮಾರಿ ನೋಡಿದ್ರ ನಿನಗ ಗುರತ ಸಿಕ್ಕೀತೇನೋ..."

ಒಳಗೆ ನಗು ನಿಂತಿತು. "ಯಾರವಾ ಅಳೂದು? ಏನಾತ?" ಎಂದು ಯಾರೋ ಕೇಳಿದರು. ಕಾಲಸಪ್ಪಳ ಬಾಗಿಲ ಕಡೆ ಬರತೊಡಗಿತು. ಸಾಹೇಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಸುನಂದಾ ಒಮ್ಮೆ ಒಳಗೆ ನೋಡಿದಳು, ಒಮ್ಮೆ ಹೊಸಿಲ ಮುಂದೆ ಕೂತವಳನ್ನು. ಬಾಗಿಲ ಎರಡೂ ಕದಗಳನ್ನು ಎಳೆದು ಹೊರಗಿನಿಂದ ಚಿಲಕ ಹಾಕಿದಳು. ಆಮೇಲೆ ಮುದುಕಿಯ ಪಕ್ಕದಲ್ಲಿ ನೆಲಕ್ಕೆ ಕೂತು ಅವಳ ತಲೆಯನ್ನು ತನ್ನ ಉಡಿಗೆ ಎಳೆದುಕೊಂಡಳು. ಬೆನ್ನ ಹಿಂದೆ ಹೆಂಗಸರು ಬಾಗಿಲು ಬಡಿಯುತ್ತಲೇ ಇದ್ದರು.