ಉರಿದರೆ ಹೇಳಬೇಕು

ಚಿಕ್ಕಬೋರಮ್ಮ ನನ್ನ ವಾರಗಿತ್ತಿ. ನನ್ನ ಯಜಮಾನರ ತಮ್ಮ ಪುಟ್ಟಸ್ವಾಮಿಯ ಹೆಂಡತಿ. ಅವಳು ಗೋವಿಂದನಹಳ್ಳಿಯ ನಮ್ಮ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾವಿಬ್ಬರೂ ಒಂದೇ ಒಲೆಯ ಮುಂದೆ ಕೂತು ಬೆಂದವರು. ನೋವು ಎಂದು ಬಾಯಿ ಬಿಡುವ ಹೆಂಗಸಲ್ಲ ಅವಳು. ಹೆರಿಗೆಯಲ್ಲೂ ಹೊರಗೆ ನಿಂತವರಿಗೆ ಕೂಸಿನ ಅಳುವೇ ಮೊದಲು ಕೇಳಿಸಿತ್ತು. ಎದೆಯಲ್ಲಿ ಗಂಟು ಕಟ್ಟಿ, ಅದು ಅವರೆಕಾಳಿನಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗುವ ತನಕ ಯಾರಿಗೂ ಹೇಳಲಿಲ್ಲ. ಒಂದು ದಿನ ಬಚ್ಚಲಲ್ಲಿ ಅವಳ ಬೆನ್ನು ಉಜ್ಜಲು ಹೋದಾಗ ಅದು ನನ್ನ ಕೈಗೆ ಸಿಕ್ಕಿತು.

ಅದು ತೊಂಬತ್ತಾರನೇ ಇಸವಿ. ಮೈಸೂರಿನ ಆಸ್ಪತ್ರೆಯಲ್ಲಿ ಎಡಗಡೆಯ ಮೊಲೆ ತೆಗೆದರು. ಕಂಕುಳಲ್ಲಿದ್ದ ಸಣ್ಣ ಗಂಟುಗಳನ್ನೂ ತೆಗೆದರು. ಗಾಯ ಮಾಗಿದ ಮೇಲೆ ನರದೊಳಕ್ಕೆ ಮದ್ದು ಹಾಕಬೇಕು, ಮೂರು ವಾರಕ್ಕೊಂದು ಸಲ ಬರಬೇಕು ಎಂದರು ಡಾಕ್ಟರು. ಹಾಕಿಸದಿದ್ದರೆ ಏನಾಗುತ್ತದೆ ಎಂದು ಪುಟ್ಟಸ್ವಾಮಿ ಕೇಳಿದ. ಎಲ್ಲೋ ಒಂದು ಬೇರು ಉಳಿದಿದ್ದರೆ ಮತ್ತೆ ಚಿಗುರುತ್ತದೆ ಎಂದರು. ಹೊಲದಲ್ಲಿ ಗರಿಕೆ ಕಿತ್ತು ಸಾಕಾದವರು ನಾವು. ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

ಊರಿಗೆ ಬಂದ ಮೇಲೆ ನೋಡಲು ಬಂದವರೆಲ್ಲ ಒಂದೊಂದು ಹೇಳಿ ಹೋದರು. ಮೈಗೆ ಕರೆಂಟು ಕೊಡುತ್ತಾರಂತೆ ಎಂದರು. ಉಗುರು ಕಪ್ಪಾಗುತ್ತದಂತೆ, ಹಲ್ಲು ಅಲ್ಲಾಡುತ್ತದಂತೆ ಎಂದರು. ಯಾವುದೋ ಊರಿನ ಹೆಂಗಸು ಆ ಮದ್ದು ಹಾಕಿಸಿಕೊಂಡು ಬಂದು ವಾರದೊಳಗೆ ಹೋದಳಂತೆ, ಅವಳ ರಕ್ತವೇ ನೀರಾಗಿತ್ತಂತೆ. ಚಿಕ್ಕಬೋರಮ್ಮ ಮೊರದಲ್ಲಿ ರಾಗಿ ಹಾಕಿಕೊಂಡು ಕೇರುತ್ತಾ ಎಲ್ಲವನ್ನೂ ಕೇಳಿಸಿಕೊಂಡಳು. ಕೇರಿದ್ದನ್ನೇ ಮತ್ತೆ ಕೇರುತ್ತಿದ್ದಳು.

ಹೊರಡುವ ದಿನವೇ ಕಾರ್ಖಾನೆಯಿಂದ ಕಬ್ಬು ಕಡಿಯಲು ಪರ್ಮಿಟ್ಟು ಬಂತು. ಪುಟ್ಟಸ್ವಾಮಿ ಬರುವಂತಿರಲಿಲ್ಲ. ಕೆ.ಆರ್. ಪೇಟೆಯವರೆಗೆ ಬಂದು ನಮ್ಮನ್ನು ಬಸ್ಸು ಹತ್ತಿಸಿ, ಕಿಟಕಿಯ ಸರಳು ಹಿಡಿದು ನಿಂತ. ನೀರಿನ ಬಾಟಲಿ ಇಟ್ಟುಕೊಂಡಿದ್ದೀರಾ ಎಂದಷ್ಟೇ ಕೇಳಿದ. ಬಸ್ಸು ಚಿನಕುರಳಿ, ಪಾಂಡವಪುರ ದಾಟಿತು. ಶ್ರೀರಂಗಪಟ್ಟಣದಲ್ಲಿ ಹೊಳೆ ಬಂದಾಗ ಯಾವಾಗಲೂ ಕೈ ಮುಗಿಯುವವಳು ಅಂದು ಮುಗಿಯಲಿಲ್ಲ. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಸೂಜಿ ಚುಚ್ಚುವುದು ಬಲಗೈಗೇ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಆಸ್ಪತ್ರೆಯಲ್ಲಿ ಮೊದಲು ರಕ್ತ ತೆಗೆದರು. ಅದರ ರಿಪೋರ್ಟು ಬರುವ ತನಕ ಬೆಂಚಿನ ಮೇಲೆ ಕೂತಿದ್ದೆವು. ತೂಕ ನೋಡಿದರು. ಡಾಕ್ಟರು ಗಾಯ ನೋಡಿ, ರಕ್ತ ಸಾಕಷ್ಟಿದೆ, ಇವತ್ತೇ ಹಾಕಬಹುದು ಎಂದರು. ರಕ್ತ ಸಾಲದು ಎನ್ನಲಿ, ವಾಪಸು ಹೋಗೋಣ ಎಂದು ನನ್ನ ಮನಸ್ಸು ಒಳಗೊಳಗೇ ಕಾಯುತ್ತಿತ್ತು.

ಮದ್ದು ಹಾಕುವ ಕೋಣೆ ಉದ್ದಕ್ಕಿತ್ತು. ಸಾಲಾಗಿ ಮಂಚಗಳು, ಪ್ರತಿ ಮಂಚದ ಪಕ್ಕ ಒಂದು ಕಬ್ಬಿಣದ ಕಂಬ, ಅದಕ್ಕೆ ತೂಗಿದ ಬಾಟಲಿ. ಒಂದು ಮೂಲೆಯಲ್ಲಿ ಯಾರೋ ಬೇಸಿನ್ನಿಗೆ ವಾಂತಿ ಮಾಡುತ್ತಿದ್ದರು. ಆ ಸದ್ದಿಗೆ ಯಾರೂ ತಿರುಗಿ ನೋಡಲಿಲ್ಲ. ನನಗೆ ಅದಕ್ಕೇ ಹೆಚ್ಚು ಭಯವಾಯಿತು.

ನರ್ಸಿನ ಹೆಸರು ಪ್ರಮೀಳಾ. ಇನ್ನೂ ಸಣ್ಣ ವಯಸ್ಸು, ಆದರೆ ಆತುರವಿಲ್ಲ. ಮೊದಲು ಉಪ್ಪುನೀರಿನ ಬಾಟಲಿ, ಆಮೇಲೆ ವಾಂತಿ ತಡೆಯುವ ಇಂಜೆಕ್ಷನ್ನು, ಆಮೇಲೆ ಕೆಂಪು ಮದ್ದು, ಕೊನೆಗೆ ಬಿಳಿಯ ಮದ್ದು ಎರಡು, ಸಂಜೆಯ ಹೊತ್ತಿಗೆ ಊರಿಗೆ ಹೋಗಬಹುದು ಎಂದು ವಿವರಿಸಿದಳು. ಕರೆಂಟು ಕೊಡುವುದು ಯಾವಾಗ ಎಂದು ಚಿಕ್ಕಬೋರಮ್ಮ ಮೆಲ್ಲಗೆ ಕೇಳಿದಳು. ಇದರಲ್ಲಿ ಕರೆಂಟು ಇಲ್ಲ, ಅದು ಬೇರೆ ಚಿಕಿತ್ಸೆ ಎಂದು ನರ್ಸು ನಕ್ಕಳು. ಆಪರೇಷನ್ ಆದ ಕಡೆಯ ಕೈಗೆ ಇನ್ನು ಯಾವತ್ತೂ ಸೂಜಿ ಹಾಕಿಸಬಾರದು, ಅದು ಬಾತುಕೊಳ್ಳುತ್ತದೆ ಎಂದಳು. ಮದ್ದಿಗೆ ಉಳಿದಿದ್ದು ಬಲಗೈ ಒಂದೇ. ಬಳೆಗಳನ್ನು ಮೇಲಕ್ಕೆ ಸರಿಸಿ, ಅಂಗೈಯ ಹಿಂಭಾಗದ ನರಕ್ಕೆ ಸೂಜಿ ಹಾಕಿ ಪ್ಲಾಸ್ಟರು ಅಂಟಿಸಿದಳು. ಕೆಂಪು ಮದ್ದು ತೂಗು ಹಾಕುವ ಮೊದಲು ಮಂಚದ ಮೇಲೆ ಕೂತು, ಮುಖ ನೋಡಿ ಹೇಳಿದಳು.

"ಅಮ್ಮ, ಇದು ನರದ ಒಳಗೇ ಹೋಗಬೇಕು. ಹೊರಗೆ ಸೋರಿದರೆ ಚರ್ಮ, ಮಾಂಸ ಎಲ್ಲ ಸುಟ್ಟುಬಿಡತ್ತೆ. ಚೂರು ಉರಿದರೂ ಹೇಳಬೇಕು."

ಚಿಕ್ಕಬೋರಮ್ಮ ತಲೆ ಆಡಿಸಿದಳು.

ಪಕ್ಕದ ಮಂಚದಲ್ಲಿ ನಾಗಮಂಗಲದ ಜಯಲಕ್ಷ್ಮಮ್ಮ ಎಂಬಾಕೆ ಇದ್ದಳು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಳು. ಅವಳಿಗೂ ಇದೇ ಕಾಯಿಲೆ, ಇದು ನಾಲ್ಕನೇ ಸಲವಂತೆ. ನಮ್ಮ ಮುಖ ನೋಡಿ ತಾನಾಗಿಯೇ ಮಾತಿಗೆ ಎಳೆದಳು. ಎರಡು ಮೂರು ದಿನ ಅನ್ನ ಸೇರುವುದಿಲ್ಲ, ಬಾಯಿ ಹುಣ್ಣಾಗುತ್ತದೆ, ಆಮೇಲೆ ಹಸಿವು ತಾನೇ ಬರುತ್ತದೆ ಎಂದಳು. ಕೂದಲು ಹೋಗುತ್ತದೆಯೇ ಎಂದು ನಾನು ಕೇಳಿದೆ.

"ಓಯ್ತದೆ ಕಣಮ್ಮ, ಎಲ್ಲಾನೂ ಓಯ್ತದೆ. ಓದ್ರೆ ಓಗ್ಲಿ ಬುಡು, ಹೇನು ನೋಡೋ ಕೆಲ್ಸ ತಪ್ತು."

ಕೆಂಪು ಮದ್ದು ಹನಿ ಹನಿಯಾಗಿ ಇಳಿಯತೊಡಗಿತು. ಅಷ್ಟು ಕೆಂಪಾದ ನೀರನ್ನು ನಾನು ಓಕುಳಿಯಲ್ಲಿ ಮಾತ್ರ ನೋಡಿದ್ದೆ. ಪ್ರಮೀಳಾ ಬೇರೆ ಮಂಚಗಳಿಗೆ ಹೋಗುತ್ತಾ ಬರುತ್ತಾ ಉರಿಯುತ್ತಿದೆಯೇ ಎಂದು ಕೇಳುತ್ತಿದ್ದಳು. ಚಿಕ್ಕಬೋರಮ್ಮ ಇಲ್ಲವೆಂದು ತಲೆ ಆಡಿಸುತ್ತಿದ್ದಳು. ಚಳಿ ಎಂದು ಸೆರಗನ್ನು ಕೈಯ ಮೇಲೆ ಎಳೆದುಕೊಂಡಳು. ನಾನೇ ಅದನ್ನು ಸರಿಯಾಗಿ ಹೊದಿಸಿದೆ.

ಸ್ವಲ್ಪ ಹೊತ್ತಿಗೆ ನೀರು ಬೇಕೇ ಎಂದು ಕೇಳಿದೆ. ಅವಳ ಕಣ್ಣು ಬಾಟಲಿಯ ಮೇಲೆ ನಿಂತಿತ್ತು. ಚಳಿ ಎಂದವಳ ಮೇಲ್ದುಟಿಯ ಮೇಲೆ ಬೆವರು. ಸೆರಗಿನ ಇನ್ನೊಂದು ತುದಿ ಹಲ್ಲುಗಳ ನಡುವೆ ಇತ್ತು, ಕಾಲಿನ ಬೆರಳುಗಳು ಮಡಚಿಕೊಂಡಿದ್ದವು. ಸೆರಗು ಎತ್ತಿ ನೋಡಿದೆ. ಸೂಜಿಯ ಸುತ್ತ ಕೈ ಇಡ್ಲಿಯಂತೆ ಉಬ್ಬಿಕೊಂಡು ಕೆಂಪಗಾಗಿತ್ತು.

ಸಿಸ್ಟರಮ್ಮ ಎಂದು ಕೂಗಿದ್ದು ನನ್ನ ದನಿಯೇ ಎಂದು ನನಗೇ ಗೊತ್ತಾಗಲಿಲ್ಲ. ಪ್ರಮೀಳಾ ಓಡಿ ಬಂದು ಮದ್ದು ನಿಲ್ಲಿಸಿದಳು. ಸೂಜಿ ಕೀಳಲಿಲ್ಲ, ಅದೇ ಸೂಜಿಗೆ ಖಾಲಿ ಸಿರಿಂಜು ಸಿಕ್ಕಿಸಿ ಸೋರಿದ್ದನ್ನು ಆದಷ್ಟು ಹಿಂದಕ್ಕೆ ಎಳೆದಳು. ಆಮೇಲೆ ಸೂಜಿ ತೆಗೆದು, ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಇಟ್ಟಳು. ಡಾಕ್ಟರು ಬಂದರು. ಕೆಂಪಾದ ಜಾಗದ ಸುತ್ತ ಪೆನ್ನಿನಿಂದ ಗೆರೆ ಎಳೆದರು. ಹೆಚ್ಚು ಸೋರಿದಂತಿಲ್ಲ, ಆದರೆ ಈಗಲೇ ಹೇಳಲು ಬರುವುದಿಲ್ಲ ಎಂದರು. ಬೊಬ್ಬೆ ಎದ್ದರೆ, ಕೆಂಪು ಬಣ್ಣ ಈ ಗೆರೆ ದಾಟಿದರೆ, ಅಂದೇ ಕರೆದುಕೊಂಡು ಬರಬೇಕು. ಈ ಕೈಯ ಮಾಂಸ ಕೊಳೆತರೆ ಮುಂದಿನ ಮದ್ದನ್ನು ಎಲ್ಲಿಗೆ ಹಾಕುವುದು ಎಂದು ಅವರು ನರ್ಸಿಗೆ ಹೇಳಿದ್ದು ನಮಗೂ ಕೇಳಿಸಿತು.

ನಾನು ಮಂಚದ ತುದಿಯಲ್ಲಿ ಕೂತೆ. ಪ್ರಮೀಳಾ ಬಯ್ಯಲಿಲ್ಲ. ಅಷ್ಟು ಸಲ ಕೇಳಿದೆನಲ್ಲ ಅಮ್ಮ, ಉರಿಯಲಿಲ್ಲವೇ ಎಂದಳು, ಅಷ್ಟೇ. ಅವಳು ಅತ್ತ ಹೋದ ಮೇಲೆ ಚಿಕ್ಕಬೋರಮ್ಮ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

"ಉರೀತಿತ್ತು ಕಣಕ್ಕ. ಕೆಂಡ ಇಟ್ಟಂಗೆ ಉರೀತಿತ್ತು."

"ಮತ್ಯಾಕೆ ಯೋಳ್ನಿಲ್ಲ?"

"ಚಿಕ್ಕವ್ಳಿದ್ದಾಗ ಕಾಮಾಲೆ ಆಗಿತ್ತು. ನಮ್ಮೂರ್ನಾಗೆ ಕುಳ್ಳಯ್ಯ ಅಂತ ಇದ್ದ, ಬಳೆಚೂರು ಕಾಯ್ಸಿ ತೋಳಿಗೆ ಬರೆ ಹಾಕ್ದ. ಉಸ್ರೆತ್ತಬ್ಯಾಡ, ಕೂಗಿದ್ರೆ ಮದ್ದು ಇಡಿಯಾಕಿಲ್ಲ ಅಂದ. ನಾನು ಕೂಗ್ನಿಲ್ಲ, ವಾಸಿ ಆಯ್ತು. ನಮ್ಮಕ್ಕನ ಮಗಾನೂ ಬಂದಿತ್ತು ಅವತ್ತು. ಅದು ಕೂಗ್ಬುಡ್ತು. ಅದು ಉಳೀನಿಲ್ಲ ಕಣಕ್ಕ."

ಅವಳು ಸುಮ್ಮನಿದ್ದದ್ದು ಸಾಯುವುದಕ್ಕಲ್ಲ, ಬದುಕುವುದಕ್ಕೆ.

ಆದರೆ ಜಯಲಕ್ಷ್ಮಮ್ಮನ ಕಿವಿ ಚುರುಕು. ಬಾಟಲಿಯ ಕೊಳವೆ ಎಳೆಯದಂತೆ ಮೆಲ್ಲಗೆ ನಮ್ಮ ಕಡೆ ಹೊರಳಿದಳು.

"ನಾನು ನಾಕು ಸಲ ಬಂದಿವ್ನಿ ಕಣವ್ವ, ನಾಕು ಸಲಾನೂ ಸಿಸ್ಟರಮ್ಮನ ಕಿವಿ ತೂತಾಗಂಗೆ ಕೂಗಿವ್ನಿ. ನಂಗೇನು ಮದ್ದು ಇಡೀದೆ ಓಯ್ತಾ? ಡಾಕ್ಟ್ರು ಗಂಟು ಕರಗ್ತಾ ಅದೆ ಅಂದ್ರು. ನಿಮ್ಮ ಕುಳ್ಳಯ್ಯ ಇಲ್ಲಿಗೆ ಬಂದ್ರೆ ನಾನೇ ಬರೆ ಹಾಕ್ತೀನಿ ಬುಡು ಅವ್ನಿಗೆ."

ಚಿಕ್ಕಬೋರಮ್ಮ ನಗಲಿಲ್ಲ. ಮಂಜುಗಡ್ಡೆ ಇಟ್ಟ ಕೈಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಡಾಕ್ಟರು ಮತ್ತೆ ನೋಡಿ, ಊತ ಏರಿಲ್ಲ, ಉಳಿದ ಮದ್ದನ್ನು ಇವತ್ತೇ ಹಾಕುವುದು ಒಳ್ಳೆಯದು ಎಂದರು. ಅದೇ ಕೈ, ಸ್ವಲ್ಪ ಮೇಲೆ, ಮೊಣಕೈಗಿಂತ ಕೆಳಗಿನ ನರ. ಬೇಡ ಎನ್ನುವವಳು ಅವಳಲ್ಲ, ನಾನೇ ಎಂದು ನನಗೆ ಆಗ ತಿಳಿಯಿತು. ಮನೆಗೆ ಹೋಗಿಬಿಡೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಚಾಚಿಬಿಟ್ಟಿದ್ದಳು. ಪ್ರಮೀಳಾ ಅದನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ನರ ಹುಡುಕಿದಳು.

ಈ ಸಲ ನರ್ಸು ಎದ್ದು ಹೋಗಲಿಲ್ಲ. ಬರೀ ಉಪ್ಪುನೀರು ಬಿಟ್ಟು ನೋಡಿ, ಆಮೇಲೆ ಕೆಂಪು ಮದ್ದು ಬಿಟ್ಟಳು. ಉರಿಯುತ್ತಿದೆಯೇ ಎಂದಳು. ಇಲ್ಲ ಎಂದಳು ಇವಳು. ಬಿಗಿಯುತ್ತಿದೆಯೇ ಎಂದಳು. ಇಲ್ಲ. ಆ ಇಲ್ಲ ಎಂಬುದನ್ನು ನಾನು ನಂಬುವುದಾದರೂ ಹೇಗೆ? ಒಂದು ಸಲ ಅವಳ ತುಟಿ ನೋಡಿದೆ, ಒಂದು ಸಲ ಕಾಲ ಬೆರಳು ನೋಡಿದೆ. ಕೊಳವೆಯಲ್ಲಿ ಇಳಿಯುತ್ತಿದ್ದ ಪ್ರತಿ ಹನಿಯೂ ನನ್ನ ಬೆನ್ನಿನ ಮೇಲೆ ಬಿದ್ದಂತಾಗುತ್ತಿತ್ತು. ಇಷ್ಟು ಕಾಲ ಜೊತೆಗೆ ಬದುಕಿಯೂ ಇವಳ ಒಳಗೆ ಏನು ನಡೆಯುತ್ತಿದೆ ಎಂದು ಹೊರಗಿನಿಂದ ಹುಡುಕಬೇಕಾಯಿತಲ್ಲ ಎನ್ನಿಸಿತು.

ಅರ್ಧ ಇಳಿದಿರಬೇಕು. ಅವಳು ಗಂಟಲು ಸರಿಮಾಡಿಕೊಂಡಳು.

"ಸಿಸ್ಟರಮ್ಮ, ಒಂಚೂರು ತಣ್ಣಗೆ ಆಯ್ತಾ ಅದೆ. ಕೈಯೊಳ್ಗೆ, ಮೇಲ್ಕಡೀಕೆ."

ಪ್ರಮೀಳಾ ತಕ್ಷಣ ಮದ್ದು ನಿಲ್ಲಿಸಿ, ಬೆರಳಿನಿಂದ ಒತ್ತಿ ನೋಡಿದಳು. ಊತವಿಲ್ಲ, ಸಿರಿಂಜಿನಲ್ಲಿ ಎಳೆದರೆ ರಕ್ತ ಸಲೀಸಾಗಿ ಬಂತು, ಸೂಜಿ ನರದೊಳಗೇ ಇತ್ತು. ಮದ್ದಿನ ತಂಪು ಅಷ್ಟೇ, ಏನೂ ಆಗಿಲ್ಲ, ಹೇಳಿದ್ದು ಒಳ್ಳೆಯದಾಯಿತು ಎಂದಳು. ನಿಲ್ಲಿಸಿದ ಮದ್ದನ್ನು ಮತ್ತೆ ಬಿಟ್ಟಳು. ಚಿಕ್ಕಬೋರಮ್ಮ ಆ ಹನಿಗಳು ಮತ್ತೆ ಶುರುವಾಗುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಸ್ವಲ್ಪ ಹೊತ್ತಿಗೆ, ಪ್ಲಾಸ್ಟರು ಕಡಿಯುತ್ತಿದೆ ಎಂದಳು. ಆಮೇಲೆ, ಬಾಯೊಳಗೆ ತುಕ್ಕಿನ ರುಚಿ ಎಂದಳು. ಕೆಂಪು ಮುಗಿಯಿತು. ಬಿಳಿಯದೂ ಮುಗಿಯಿತು.

ನೀರು ಚೆನ್ನಾಗಿ ಕುಡಿಸಿ, ಒಂದು ದಿನ ಮೂತ್ರ ಕೆಂಪಗೆ ಬರಬಹುದು, ಅದು ಮದ್ದಿನ ಬಣ್ಣ, ರಕ್ತವಲ್ಲ, ಆದರೆ ಜ್ವರ ಬಂದರೆ ಒಂದು ಗಳಿಗೆಯೂ ಕಾಯಬೇಡಿ ಎಂದು ಹೇಳಿ ಕಳಿಸಿದರು. ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿದೆ. ಗೆರೆ ಎಳೆದ ಕೈಯನ್ನು ನನ್ನ ಹೆಗಲ ಮೇಲೆ ಎತ್ತಿಟ್ಟುಕೊಂಡೆ, ಇಳಿಬಿಡಬಾರದು ಎಂದಿದ್ದರು.

ಪಾಂಡವಪುರ ಹತ್ತಿರವಾದಾಗ ಸಕ್ಕರೆ ಕಾರ್ಖಾನೆಯ ವಾಸನೆ ಬಸ್ಸಿನೊಳಗೆ ನುಗ್ಗಿತು. ಕಬ್ಬು ಅರೆಯುವ ಕಾಲದಲ್ಲಿ ನಮಗೆಲ್ಲ ಅದು ಗೊತ್ತೇ ಆಗದಷ್ಟು ಒಗ್ಗಿಹೋದ ವಾಸನೆ. ಅವಳ ಮುಖ ಬೂದಿಯಂತಾಯಿತು. ಅವಳು ಎದ್ದು ನಿಂತು, ಬಸ್ಸಿಗೆ ಬಸ್ಸೇ ಕೇಳುವಂತೆ ಹೇಳಿದಳು.

"ನಿಲ್ಸಪ್ಪ. ನಂಗೆ ತಡಿಯಾಕಾಯ್ತಿಲ್ಲ."

ಇಲ್ಲಿ ಸ್ಟಾಪಿಲ್ಲ ಕಣವ್ವ ಎಂದು ಕಂಡಕ್ಟರು ಗೊಣಗಿದ. ಅವಳ ಮುಖ ನೋಡಿದವನು ಸೀಟಿ ಊದಿದ. ರಸ್ತೆ ಪಕ್ಕದ ಮೋರಿಯ ಮೇಲೆ ಕೂತು ಅವಳು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಬೆನ್ನು ಸವರಿದೆ. ಮೂಳೆ ಮೂಳೆ ಕೈಗೆ ಸಿಕ್ಕಿತು. ಬಾಯಿ ತೊಳೆದುಕೊಂಡು, ಉಸಿರು ಕೂಡಿದ ಮೇಲೆ ನನ್ನನ್ನು ನೋಡಿದಳು.

"ಅಕ್ಕ, ನಂಗೆ ಎದ್ರಿಕೆ ಆಯ್ತದೆ. ಇನ್ನೊಂದ್ಸಲ ಆ ಕೋಣೆಗೆ ಓಗಾಕೆ ಎದ್ರಿಕೆ. ಓಗ್ದೆ ಇರಾಕೂ ಎದ್ರಿಕೆ."

ಧೈರ್ಯ ತಂದುಕೋ ಎನ್ನಲು ನನ್ನಲ್ಲೂ ಅದು ಇರಲಿಲ್ಲ.

"ನಂಗೂ ಅಂಗೇ ಕಣೆ. ಎಲ್ಲೆಲ್ಲಿ ನೋಯ್ತಾ ಅದೆ ಯೋಳು."

ಮತ್ತೆ ಬಸ್ಸು ಹತ್ತಿದೆವು. ಅವಳು ಹೇಳತೊಡಗಿದಳು. ಗೆರೆಯ ಒಳಗೆ ಇನ್ನೂ ಚುರುಗುಡುತ್ತಿದೆ ಎಂದಳು, ಕುಯ್ದ ಕಡೆ ಇಲ್ಲದ ಮೊಲೆ ನೋಯುತ್ತದೆ ಎಂದಳು, ದವಡೆ, ಹೊಟ್ಟೆ, ತಲೆಯ ಬುರುಡೆ. ನಾನು ಹೂಂಗುಟ್ಟುತ್ತಾ ಅವಳ ಕೈಯ ಮೇಲಿನ ಗೆರೆಯನ್ನು ನೋಡುತ್ತಿದ್ದೆ. ಕೆಂಪು ಬಣ್ಣ ಇನ್ನೂ ಗೆರೆಯೊಳಗೇ ಇತ್ತು. ಮುಂದಿನ ಸೀಟಿನ ಗಂಡಸು ಒಂದು ಸಲ ತಿರುಗಿ ನೋಡಿದ. ಅವಳು ದನಿ ತಗ್ಗಿಸಲಿಲ್ಲ.